ಒಂದೇ ಗಣಕಯಂತ್ರದಲ್ಲಿ ಎರಡು ಕಾರ್ಯಾಚರಣಾ ವ್ಯವಸ್ಥೆಗಳು: ಪರವಾನಗಿ ಮತ್ತು ಅಳವಡಿಕೆ ಕುರಿತ ಮಾಹಿತಿ

1. ಪೀಠಿಕೆ

ಗಣಕಯಂತ್ರದ ಯಂತ್ರಾಂಶವನ್ನು ನಿಯಂತ್ರಿಸಿ, ಇತರ ತಂತ್ರಾಂಶಗಳು ಕೆಲಸ ಮಾಡಲು ಅನುವು ಮಾಡಿಕೊಡುವ ಮೂಲ ತಂತ್ರಾಂಶವನ್ನು ಕಾರ್ಯಾಚರಣಾ ವ್ಯವಸ್ಥೆ ಎಂದು ಕರೆಯಲಾಗುತ್ತದೆ. ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್ ಓಎಸ್ ಇವುಗಳಲ್ಲಿ ಮುಖ್ಯವಾದವು. ಒಂದೇ ಗಣಕಯಂತ್ರದಲ್ಲಿ ಇಂತಹ ಎರಡು ವ್ಯವಸ್ಥೆಗಳನ್ನು ಹಾರ್ಡ್ ಡಿಸ್ಕ್‌ನ ಪ್ರತ್ಯೇಕ ವಿಭಾಗಗಳಲ್ಲಿ ಅಳವಡಿಸಿ, ಯಂತ್ರವನ್ನು ಆರಂಭಿಸುವಾಗ ಬೇಕಾದುದನ್ನು ಆರಿಸಿಕೊಳ್ಳುವ ಏರ್ಪಾಡಿಗೆ ಡ್ಯುಯಲ್ ಬೂಟ್ ಎಂದು ಹೆಸರು. ಈ ಏರ್ಪಾಡಿನಲ್ಲಿ ಒಂದು ಸಮಯಕ್ಕೆ ಒಂದು ವ್ಯವಸ್ಥೆ ಮಾತ್ರ ಕೆಲಸ ಮಾಡುತ್ತದೆ.

ವಿಂಡೋಸ್ 10 ವ್ಯವಸ್ಥೆಗೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು ದಿನಾಂಕ 14-10-2025ರಂದು ಮುಕ್ತಾಯಗೊಂಡಿದೆ. ವಿಂಡೋಸ್ 11 ಅಳವಡಿಸಲು ಟಿಪಿಎಂ 2.0 ಭದ್ರತಾ ಘಟಕ, ಸೆಕ್ಯೂರ್ ಬೂಟ್ ಸೌಲಭ್ಯವುಳ್ಳ ಯುಇಎಫ್‌ಐ, ಕನಿಷ್ಠ 4 ಜಿಬಿ ಸ್ಮೃತಿ ಮತ್ತು 64 ಜಿಬಿ ಸಂಗ್ರಹಣಾ ಸ್ಥಳ ಅಗತ್ಯವಿರುತ್ತವೆ. ಈ ಅರ್ಹತೆ ಇಲ್ಲದ ಯಂತ್ರಗಳನ್ನು ಹೊಂದಿರುವ ಶಾಲೆಗಳು, ಸಹಕಾರ ಸಂಘಗಳು, ಜೆರಾಕ್ಸ್ ಅಂಗಡಿಗಳು ಹಾಗೂ ಮನೆಬಳಕೆದಾರರು ಹಳೆಯ ತಂತ್ರಾಂಶಗಳಿಗಾಗಿ ವಿಂಡೋಸ್ ಉಳಿಸಿಕೊಂಡು, ಅಂತರಜಾಲದ ಕೆಲಸಕ್ಕಾಗಿ ಲಿನಕ್ಸ್ ಅಳವಡಿಸಿಕೊಳ್ಳಲು ಬಯಸುವುದುಂಟು. ಅಂತಹವರು ಎರಡು ವಿಷಯಗಳನ್ನು ತಿಳಿದಿರುವುದು ಅವಶ್ಯಕ. ಮೊದಲನೆಯದಾಗಿ, ಒಂದು ತಂತ್ರಾಂಶವು ಯಂತ್ರದಲ್ಲಿ ಚಾಲನೆಗೊಂಡ ಮಾತ್ರಕ್ಕೆ ಅದನ್ನು ಬಳಸಲು ಪರವಾನಗಿ ದೊರೆತಂತಾಗುವುದಿಲ್ಲ. ಎರಡನೆಯದಾಗಿ, ಪರವಾನಗಿ ಸರಿಯಾಗಿದ್ದರೂ ಅಳವಡಿಕೆಯ ಕ್ರಮ ತಪ್ಪಿದಲ್ಲಿ ವರ್ಷಗಳ ಕಡತಗಳು ಕ್ಷಣದಲ್ಲಿ ನಷ್ಟವಾಗಬಹುದು.

2. ಪರವಾನಗಿಯ ಸ್ವರೂಪ

ವಾಣಿಜ್ಯ ಕಾರ್ಯಾಚರಣಾ ವ್ಯವಸ್ಥೆಯನ್ನು ಖರೀದಿಸಿದವರಿಗೆ ಆ ತಂತ್ರಾಂಶದ ಒಡೆತನ ದೊರೆಯುವುದಿಲ್ಲ; ನಿಗದಿತ ಷರತ್ತುಗಳಿಗೆ ಒಳಪಟ್ಟು ಅದನ್ನು ಬಳಸುವ ಹಕ್ಕು ಮಾತ್ರ ದೊರೆಯುತ್ತದೆ. ಡ್ಯುಯಲ್ ಬೂಟ್ ಮಾಡಿದಾಗ ಎರಡೂ ವ್ಯವಸ್ಥೆಗಳ ಷರತ್ತುಗಳು ಪ್ರತ್ಯೇಕವಾಗಿ ಅನ್ವಯವಾಗುತ್ತವೆ. ಒಂದರ ಪರವಾನಗಿಯು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ ಹಾಗೂ ಒಂದನ್ನು ಅಳವಡಿಸಿದ್ದರಿಂದ ಇನ್ನೊಂದರ ಪರವಾನಗಿ ರದ್ದಾಗುವುದೂ ಇಲ್ಲ.

ವಿಂಡೋಸ್ ಪರವಾನಗಿಗಳ ಪ್ರಮುಖ ಅಂಶಗಳು ಈ ಕೆಳಕಂಡಂತಿವೆ:

(ಅ) ಯಂತ್ರದೊಂದಿಗೆ ಬಂದ ಪರವಾನಗಿ. ಗಣಕಯಂತ್ರದ ತಯಾರಕರು ಮೊದಲೇ ಅಳವಡಿಸಿ ಮಾರಾಟ ಮಾಡಿದ ವಿಂಡೋಸ್ ಪರವಾನಗಿಯು ಆ ಯಂತ್ರಕ್ಕೇ ಸೇರಿರುತ್ತದೆ. ಯಂತ್ರವನ್ನು ಮಾರಾಟ ಮಾಡಿದಾಗ ಪರವಾನಗಿಯೂ ಅದರೊಡನೆಯೇ ಹೋಗುತ್ತದೆ.

(ಆ) ಬಿಡಿಯಾಗಿ ಖರೀದಿಸಿದ ಪರವಾನಗಿ. ಇದನ್ನು ಒಂದು ಯಂತ್ರದಿಂದ ತೆಗೆದುಹಾಕಿ ಮತ್ತೊಂದು ಯಂತ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಆದರೆ ಏಕಕಾಲಕ್ಕೆ ಎರಡು ಯಂತ್ರಗಳಲ್ಲಿ ಇರಿಸಿಕೊಳ್ಳುವಂತಿಲ್ಲ.

(ಇ) ಒಂದು ಪರವಾನಗಿ, ಒಂದು ಪ್ರತಿ. ಸಾಮಾನ್ಯ ಬಳಕೆದಾರರ ಪರವಾನಗಿಯು ಒಂದು ಯಂತ್ರದಲ್ಲಿ ವಿಂಡೋಸ್‌ನ ಒಂದೇ ಪ್ರತಿಯನ್ನು ಅಳವಡಿಸಲು ಅನುಮತಿಸುತ್ತದೆ. ಒಂದೇ ಯಂತ್ರದ ಎರಡು ವಿಭಾಗಗಳಲ್ಲಿ ಎರಡು ವಿಂಡೋಸ್ ಇರಿಸಬೇಕಾದಲ್ಲಿ ಎರಡು ಪರವಾನಗಿಗಳು ಬೇಕಾಗುತ್ತವೆ. ಯಂತ್ರಾಂಶ ಒಂದೇ ಆಗಿರುವ ಕಾರಣ ಎರಡನೆಯ ಪ್ರತಿಯೂ ತಾನಾಗಿ ಸಕ್ರಿಯಗೊಳ್ಳುವ ಸಂಭವವಿದೆ. ಇದು ತಾಂತ್ರಿಕ ಪರಿಶೀಲನೆಯ ಫಲವೇ ಹೊರತು ಷರತ್ತಿನಿಂದ ದೊರೆತ ವಿನಾಯಿತಿಯಲ್ಲ.

(ಈ) ಮೇಲ್ದರ್ಜೆಯ ಪರವಾನಗಿ. ಹಳೆಯ ಆವೃತ್ತಿಯ ಆಧಾರದ ಮೇಲೆ ಪಡೆದ ಮೇಲ್ದರ್ಜೆಯ ಪರವಾನಗಿಯು ಹಳೆಯ ಪರವಾನಗಿಯ ಸ್ಥಾನವನ್ನು ಪಡೆಯುತ್ತದೆ. ಆದುದರಿಂದ ಹಳೆಯ ಆವೃತ್ತಿಯನ್ನು ಒಂದು ವಿಭಾಗದಲ್ಲಿ ಉಳಿಸಿಕೊಂಡು, ಅದರಿಂದಲೇ ಮೇಲ್ದರ್ಜೆಗೇರಿಸಿದ ಆವೃತ್ತಿಯನ್ನು ಇನ್ನೊಂದು ವಿಭಾಗದಲ್ಲಿ ಬಳಸಲು ಅವಕಾಶವಿರುವುದಿಲ್ಲ.

ಮ್ಯಾಕ್ ಓಎಸ್ ವ್ಯವಸ್ಥೆಯನ್ನು ಆಪಲ್ ಕಂಪನಿಯ ಯಂತ್ರಗಳಲ್ಲಿ ಮಾತ್ರ ಅಳವಡಿಸಲು ಅದರ ಪರವಾನಗಿ ಅನುಮತಿ ನೀಡುತ್ತದೆ. ಇಂಟೆಲ್ ಸಂಸ್ಕಾರಕವುಳ್ಳ ಮ್ಯಾಕ್ ಯಂತ್ರಗಳಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಅಳವಡಿಸಲು ಸಾಧ್ಯವಿತ್ತು. 2020ರಿಂದ ಬಂದಿರುವ ಆಪಲ್ ಸಿಲಿಕಾನ್ ಯಂತ್ರಗಳಲ್ಲಿ ಈ ಸೌಲಭ್ಯವಿಲ್ಲ.

3. ಲಿನಕ್ಸ್ ಮತ್ತು ಮುಕ್ತ ತಂತ್ರಾಂಶ

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್ ಕರ್ನಲ್, ಜಿಎನ್‌ಯು ಸಾರ್ವಜನಿಕ ಪರವಾನಗಿಯ ಎರಡನೆಯ ಆವೃತ್ತಿಗೆ ಒಳಪಟ್ಟಿದೆ. ಈ ಪರವಾನಗಿಯಡಿ ತಂತ್ರಾಂಶವನ್ನು ಎಷ್ಟು ಯಂತ್ರಗಳಲ್ಲಾದರೂ ಅಳವಡಿಸಬಹುದು, ಪ್ರತಿ ಮಾಡಿ ಇತರರಿಗೆ ನೀಡಬಹುದು, ಮಾರ್ಪಡಿಸಲೂಬಹುದು. ಪ್ರತಿಗಳನ್ನು ಹಂಚುವವರು ಮೂಲ ಸಂಕೇತವನ್ನೂ ದೊರಕಿಸಿಕೊಡತಕ್ಕದ್ದು. ಉಬುಂಟು, ಡೆಬಿಯನ್, ಫೆಡೋರಾ ಹಾಗೂ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ ಅಭಿವೃದ್ಧಿಪಡಿಸಿರುವ ಬಾಸ್ ಲಿನಕ್ಸ್ ಶುಲ್ಕವಿಲ್ಲದೆ ದೊರೆಯುತ್ತವೆ. ಇಂತಹ ವಿತರಣೆಗಳಲ್ಲಿ ಕೆಲವು ಚಾಲಕ ತಂತ್ರಾಂಶಗಳು ಬೇರೆ ಷರತ್ತುಗಳಿಗೆ ಒಳಪಟ್ಟಿರಬಹುದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನಂತಹ ವಿತರಣೆಗಳನ್ನು ಬೆಂಬಲ ಸೇವೆಯೊಂದಿಗೆ ಚಂದಾ ಆಧಾರದ ಮೇಲೆ ಒದಗಿಸಲಾಗುತ್ತದೆ.

4. ಕಾನೂನಿನ ಉಪಬಂಧಗಳು

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಗಣಕ ಕ್ರಮವಿಧಿಯು ಸಾಹಿತ್ಯ ಕೃತಿಯ ವ್ಯಾಖ್ಯೆಯಲ್ಲಿ ಸೇರಿದ್ದು, ಅದಕ್ಕೆ ಕೃತಿಸ್ವಾಮ್ಯದ ರಕ್ಷಣೆ ಇರುತ್ತದೆ. ನ್ಯಾಯಸಮ್ಮತವಾಗಿ ಪ್ರತಿಯನ್ನು ಹೊಂದಿರುವವರು ಅದು ನಷ್ಟವಾಗುವ ಅಥವಾ ಹಾಳಾಗುವ ಸಂಭವದ ವಿರುದ್ಧ ತಾತ್ಕಾಲಿಕ ರಕ್ಷಣೆಗಾಗಿ ಕಾಪು ಪ್ರತಿ ಮಾಡಿಕೊಳ್ಳಲು ಪ್ರಕರಣ 52 ಅವಕಾಶ ನೀಡುತ್ತದೆ.

1994ರ ತಿದ್ದುಪಡಿಯ ಮೂಲಕ ಸೇರಿಸಲಾದ ಪ್ರಕರಣ 63ಬಿ ಅನ್ವಯ, ಕೃತಿಸ್ವಾಮ್ಯ ಉಲ್ಲಂಘಿಸಿದ ಪ್ರತಿಯೆಂದು ತಿಳಿದೂ ಗಣಕ ಕ್ರಮವಿಧಿಯನ್ನು ಬಳಸಿದವರಿಗೆ ಏಳು ದಿನಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಕಾರಾವಾಸ ಹಾಗೂ ರೂ. 50,000ಕ್ಕೆ ಕಡಿಮೆಯಿಲ್ಲದ, ರೂ. 2,00,000ವರೆಗಿನ ಜುಲ್ಮಾನೆ ವಿಧಿಸಬಹುದಾಗಿದೆ. ಬಳಕೆಯು ಲಾಭಕ್ಕಾಗಿ ಅಥವಾ ವ್ಯಾಪಾರದ ಸಲುವಾಗಿ ಆಗಿರದಿದ್ದಲ್ಲಿ ನ್ಯಾಯಾಲಯವು ಕಾರಣಗಳನ್ನು ದಾಖಲಿಸಿ, ಕಾರಾವಾಸ ವಿಧಿಸದೆ ರೂ. 50,000ವರೆಗೆ ಜುಲ್ಮಾನೆ ವಿಧಿಸಬಹುದು. ಆದುದರಿಂದ ಗಣಕಯಂತ್ರ ದುರಸ್ತಿ ಮಾಡಿಸುವಾಗ ಪರವಾನಗಿ ಇಲ್ಲದ ಪ್ರತಿಯನ್ನು ಅಳವಡಿಸಲು ಅವಕಾಶ ನೀಡಬಾರದು. ಖರೀದಿಯ ರಸೀದಿ ಮತ್ತು ಪರವಾನಗಿ ಪತ್ರಗಳನ್ನು ಜೋಪಾನವಾಗಿ ಇರಿಸಿಕೊಳ್ಳುವುದು ಸೂಕ್ತ.

5. ಅಳವಡಿಕೆಗೆ ಮುನ್ನ ಕೈಗೊಳ್ಳಬೇಕಾದ ಕ್ರಮಗಳು

(ಅ) ಎಲ್ಲ ಮುಖ್ಯ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ನಕಲು ಪ್ರತಿಗಳು ಸರಿಯಾಗಿ ತೆರೆಯುತ್ತವೆಯೇ ಎಂದು ಪರೀಕ್ಷಿಸತಕ್ಕದ್ದು. ಅದೇ ಹಾರ್ಡ್ ಡಿಸ್ಕ್‌ನ ಇನ್ನೊಂದು ವಿಭಾಗದಲ್ಲಿ ಇರಿಸಿದ ನಕಲು ಸುರಕ್ಷಿತವಲ್ಲ.

(ಆ) ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಜಾರಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಬಳಕೆದಾರರ ಗಮನಕ್ಕೆ ಬಾರದೆಯೇ ಇದು ಜಾರಿಯಲ್ಲಿರುವ ಸಾಧ್ಯತೆ ಇದೆ. ಆರಂಭಿಕ ವ್ಯವಸ್ಥೆಯನ್ನು ಬದಲಾಯಿಸಿದಾಗ ವಿಂಡೋಸ್ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳಬಹುದು. ಆ ಕೀಲಿ ಇಲ್ಲದಿದ್ದಲ್ಲಿ ಕಡತಗಳನ್ನು ಮರಳಿ ಪಡೆಯಲು ಸಾಧ್ಯವಾಗುವುದಿಲ್ಲ. ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡ ನಂತರವೇ ಮುಂದುವರಿಯತಕ್ಕದ್ದು.

(ಇ) ವಿಂಡೋಸ್ 8ರಿಂದ ಬಂದಿರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಸ್ಥಗಿತಗೊಳಿಸಬೇಕು. ಇದು ಜಾರಿಯಲ್ಲಿದ್ದಾಗ ಯಂತ್ರವನ್ನು ನಿಲ್ಲಿಸಿದರೂ ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ. ಆ ಸ್ಥಿತಿಯಲ್ಲಿ ಲಿನಕ್ಸ್ ಮೂಲಕ ವಿಂಡೋಸ್ ವಿಭಾಗದಲ್ಲಿ ಬರೆದಲ್ಲಿ ಕಡತಗಳು ಹಾಳಾಗಬಹುದು.

(ಈ) ಯಂತ್ರವು ಯುಇಎಫ್‌ಐ ವಿಧಾನದಲ್ಲಿ ಆರಂಭವಾಗುತ್ತದೆಯೋ ಹಳೆಯ ಬಯೋಸ್ ವಿಧಾನದಲ್ಲಿ ಆರಂಭವಾಗುತ್ತದೆಯೋ ಎಂಬುದನ್ನು ತಿಳಿದು, ಎರಡೂ ವ್ಯವಸ್ಥೆಗಳನ್ನು ಒಂದೇ ವಿಧಾನದಲ್ಲಿ ಅಳವಡಿಸಬೇಕು.

6. ಅಳವಡಿಕೆಯ ಕ್ರಮ

ಮೊದಲು ವಿಂಡೋಸ್, ನಂತರ ಲಿನಕ್ಸ್ ಅಳವಡಿಸುವುದು ಅನುಕೂಲಕರ. ವಿಂಡೋಸ್ ಅಳವಡಿಕೆಯು ತನ್ನ ಆರಂಭಿಕ ಕ್ರಮವಿಧಿಯನ್ನೇ ಮುಂದಿರಿಸುತ್ತದೆ. ಲಿನಕ್ಸ್‌ನ ಗ್ರಬ್ ಎಂಬ ಕ್ರಮವಿಧಿಯಾದರೋ ಎರಡೂ ವ್ಯವಸ್ಥೆಗಳನ್ನು ಪಟ್ಟಿಯಲ್ಲಿ ತೋರಿಸಬಲ್ಲದು.

ವಿಂಡೋಸ್ ವಿಭಾಗವನ್ನು ಕುಗ್ಗಿಸಲು ವಿಂಡೋಸ್‌ನಲ್ಲಿಯೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಧನವನ್ನು ಬಳಸಬೇಕು. ಉಬುಂಟು ವ್ಯವಸ್ಥೆಗೆ ಕನಿಷ್ಠ 25 ಜಿಬಿ ಸ್ಥಳ ಬೇಕಾಗುತ್ತದೆ. ಸ್ವಂತ ಕಡತಗಳನ್ನೂ ಅಲ್ಲಿಯೇ ಇರಿಸುವವರು ಹೆಚ್ಚಿನ ಸ್ಥಳ ಬಿಡುವುದು ಒಳಿತು. ಆ ಬಳಿಕ ಪೆನ್ ಡ್ರೈವ್‌ನಿಂದ ಲಿನಕ್ಸ್ ಅನ್ನು ಮೊದಲು ಪ್ರಾಯೋಗಿಕವಾಗಿ ಚಾಲನೆ ಮಾಡಿ, ವೈ-ಫೈ, ಧ್ವನಿ ಮತ್ತು ಮುದ್ರಕ ಕೆಲಸ ಮಾಡುವುದನ್ನು ಖಚಿತಪಡಿಸಿಕೊಂಡು ಅಳವಡಿಸಬೇಕು. ಅಳವಡಿಕೆಯ ವೇಳೆ ಇಡೀ ಡಿಸ್ಕ್ ಅಳಿಸುವ ಆಯ್ಕೆಯನ್ನು ಯಾವ ಕಾರಣಕ್ಕೂ ಒತ್ತಬಾರದು. ವಿಂಡೋಸ್ ಜೊತೆಗೆ ಅಳವಡಿಸುವ ಆಯ್ಕೆಯನ್ನೇ ಆರಿಸತಕ್ಕದ್ದು. ಉಬುಂಟು, ಫೆಡೋರಾ ಮತ್ತು ಡೆಬಿಯನ್ ವ್ಯವಸ್ಥೆಗಳು ಸೆಕ್ಯೂರ್ ಬೂಟ್ ಜಾರಿಯಲ್ಲಿರುವಾಗಲೂ ಕೆಲಸ ಮಾಡುವುದರಿಂದ ಅದನ್ನು ಸಾಮಾನ್ಯವಾಗಿ ಸ್ಥಗಿತಗೊಳಿಸಬೇಕಾಗಿಲ್ಲ.

2024ರ ಆಗಸ್ಟ್ ತಿಂಗಳ ವಿಂಡೋಸ್ ಭದ್ರತಾ ನವೀಕರಣದ ನಂತರ ಕೆಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಆರಂಭವಾಗದೆ ಹೋದ ನಿದರ್ಶನವಿದೆ. ಎರಡೂ ವ್ಯವಸ್ಥೆಗಳನ್ನು ಕಾಲಕಾಲಕ್ಕೆ ನವೀಕರಿಸುವುದು ಹಾಗೂ ಅಳವಡಿಕೆಯ ಪೆನ್ ಡ್ರೈವ್ ಅನ್ನು ಅಳಿಸದೆ ಇಟ್ಟುಕೊಳ್ಳುವುದು ಇಂತಹ ಸಂದರ್ಭಗಳಲ್ಲಿ ಸಹಕಾರಿ.

7. ಕನ್ನಡ ಬಳಕೆ

ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ರೂಪಿಸಿದ ನುಡಿ ತಂತ್ರಾಂಶವು ವಿಂಡೋಸ್‌ನಲ್ಲಿ ಬಳಕೆಯಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿರುವ ಕಡತಗಳನ್ನು ಲಿನಕ್ಸ್‌ನಲ್ಲಿ ತೆರೆದರೆ, ಆ ಅಕ್ಷರವಿನ್ಯಾಸ ಇಲ್ಲದಿದ್ದಲ್ಲಿ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಇಂತಹ ಕಡತಗಳನ್ನು ವಿಂಡೋಸ್‌ನಲ್ಲಿರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಂಡಲ್ಲಿ ಎರಡೂ ಕಡೆ ಓದಲು ಸಾಧ್ಯ. ಲಿನಕ್ಸ್‌ನಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಕೀಲಿಮಣೆ ವಿನ್ಯಾಸಗಳು ಲಭ್ಯವಿರುವ ಕಾರಣ ನುಡಿ ಅಭ್ಯಾಸವಿರುವವರು ಬೆರಳಚ್ಚನ್ನು ಹೊಸದಾಗಿ ಕಲಿಯಬೇಕಾಗಿಲ್ಲ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲಿನಕ್ಸ್ ಅಳವಡಿಸಿದರೆ ವಿಂಡೋಸ್ ಪರವಾನಗಿ ರದ್ದಾಗುತ್ತದೆಯೇ?
ಉತ್ತರ: ಇಲ್ಲ. ವಿಂಡೋಸ್ 10 ಮತ್ತು 11ರ ಡಿಜಿಟಲ್ ಪರವಾನಗಿಯು ಯಂತ್ರಾಂಶದೊಂದಿಗೆ ಬೆಸೆದುಕೊಂಡಿರುತ್ತದೆ. ಅದೇ ಆವೃತ್ತಿಯನ್ನು ಅದೇ ಯಂತ್ರದಲ್ಲಿ ಪುನಃ ಅಳವಡಿಸಿದಾಗಲೂ ಸಕ್ರಿಯಗೊಳ್ಳುತ್ತದೆ. ಆದರೆ ಮದರ್‌ಬೋರ್ಡ್ ಬದಲಾಯಿಸಿದಲ್ಲಿ ತೊಂದರೆ ಉಂಟಾಗಬಹುದು.

ಪ್ರಶ್ನೆ: ಎರಡು ವ್ಯವಸ್ಥೆಗಳಲ್ಲಿ ಸಮಯ ಐದೂವರೆ ಗಂಟೆ ವ್ಯತ್ಯಾಸ ತೋರಿಸುವುದೇಕೆ?
ಉತ್ತರ: ಯಂತ್ರದ ಒಳಗಿನ ಗಡಿಯಾರದಲ್ಲಿ ಸ್ಥಳೀಯ ಕಾಲಮಾನವಿದೆ ಎಂದು ವಿಂಡೋಸ್ ಭಾವಿಸಿದರೆ, ಲಿನಕ್ಸ್ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಕಾಲಮಾನವಿದೆ ಎಂದು ಭಾವಿಸುತ್ತದೆ. ಭಾರತೀಯ ಕಾಲಮಾನವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಸ್ಥಳೀಯ ಕಾಲಮಾನವನ್ನೇ ಬಳಸುವಂತೆ ಲಿನಕ್ಸ್‌ನಲ್ಲಿ ಹೊಂದಿಸಿದರೆ ವ್ಯತ್ಯಾಸ ನಿವಾರಣೆಯಾಗುತ್ತದೆ.

ಪ್ರಶ್ನೆ: ಲಿನಕ್ಸ್ ಬೇಡವೆನಿಸಿದಲ್ಲಿ ಅದರ ವಿಭಾಗವನ್ನು ನೇರವಾಗಿ ಅಳಿಸಬಹುದೇ?
ಉತ್ತರ: ಹಾಗೆ ಮಾಡಬಾರದು. ಗ್ರಬ್‌ನ ಕಡತಗಳು ಅಳಿದುಹೋಗಿ ವಿಂಡೋಸ್ ಕೂಡ ಆರಂಭವಾಗದಿರಬಹುದು. ಮೊದಲು ವಿಂಡೋಸ್ ತಾನಾಗಿಯೇ ಆರಂಭವಾಗುವಂತೆ ಮಾಡಿ, ಯಂತ್ರವನ್ನು ಒಮ್ಮೆ ನಿಲ್ಲಿಸಿ ಪರೀಕ್ಷಿಸಿ, ನಂತರ ವಿಭಾಗವನ್ನು ತೆಗೆಯಬೇಕು.

ಪ್ರಶ್ನೆ: ವಿಂಡೋಸ್ 10 ಅನ್ನು ಇನ್ನೂ ಇರಿಸಿಕೊಳ್ಳಬಹುದೇ?
ಉತ್ತರ: ಬೆಂಬಲ ಮುಗಿದುದರಿಂದ ಪರವಾನಗಿ ಕೊನೆಗೊಳ್ಳುವುದಿಲ್ಲ. ಆದರೆ ವಿಸ್ತೃತ ಭದ್ರತಾ ನವೀಕರಣ ಯೋಜನೆಗೆ ಸೇರದ ಯಂತ್ರಗಳಿಗೆ ಹೊಸ ದೋಷಗಳ ವಿರುದ್ಧ ರಕ್ಷಣೆ ದೊರೆಯುವುದಿಲ್ಲ. ಇಂತಹ ಯಂತ್ರಗಳಲ್ಲಿ ವಿಂಡೋಸ್ 10 ಅನ್ನು ಅಂತರಜಾಲ ಸಂಪರ್ಕವಿಲ್ಲದೆ ಬಳಸಿ, ಬ್ಯಾಂಕ್ ವ್ಯವಹಾರ ಮತ್ತು ಮಿಂಚಂಚೆಗೆ ಲಿನಕ್ಸ್ ಬಳಸುವುದು ಸುರಕ್ಷಿತ.

ಸೂಚನೆ: ಪರವಾನಗಿಯ ಷರತ್ತುಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ, ತಂತ್ರಾಂಶದೊಂದಿಗೆ ಬಂದಿರುವ ಷರತ್ತುಗಳನ್ನು ಓದಿಕೊಂಡೇ ಅಳವಡಿಕೆಗೆ ಮುಂದಾಗಲು ಸಾರ್ವಜನಿಕರಿಗೆ ಸಲಹೆ ನೀಡಲಾಗಿದೆ.