ದತ್ತಕವೋ, ಕ್ರೀತವೋ?

ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕಡತಗಳ ನಡುವೆ ಕುಳಿತವರು. 'ಪೆಂಡಿಂಗ್' ಎಂಬ ಮಾತು ನಮಗೆ ಉಪ್ಪಿನಕಾಯಿಯಷ್ಟು ನಿತ್ಯಬಳಕೆಯದು. ಆದರೂ ಕಳೆದ ಯುಗಾದಿಯ ಮರುದಿನ ಸಂಘದ ಹಿರಿಯ ಮಿತ್ರರೊಬ್ಬರು ಕಾಗದದ ದೊಡ್ಡ ಕಟ್ಟನ್ನು ನಮ್ಮ ಮುಂದಿಟ್ಟು, "ಇದರಾಗ ಇನ್ನ ಏನು ಕಡಿಮಿ ಅದ ನೋಡ್ರಿ" ಎಂದಾಗ ಆ ಮಾತಿನ ಭಾರ ಬೇರೆಯಾಗಿ ಕಂಡಿತು. ಅವರ ಮಗಳು-ಅಳಿಯ ಹೊರದೇಶದಲ್ಲಿದ್ದಾರೆ. ಇಲ್ಲಿಯ ಮಗುವೊಂದನ್ನು ದತ್ತು ಪಡೆಯಲು ಹೆಸರು ನೋಂದಾಯಿಸಿ ಮೂರು ವರ್ಷವಾಯಿತು.

ಕಾಗದಗಳಲ್ಲಿ ಕೊರತೆಯೇನೂ ಇರಲಿಲ್ಲ. ಸರದಿ ಬಂದಿರಲಿಲ್ಲ, ಅಷ್ಟೆ. ಆದರೆ ಮಿತ್ರರ ಜೇಬಿನಲ್ಲಿ ಇನ್ನೊಂದು ಚೀಟಿಯಿತ್ತು. ಯಾರೋ ಒಬ್ಬ ಮಧ್ಯವರ್ತಿ, ದುಡ್ಡು ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ಕೂಸನ್ನು ಕೊಡಿಸುತ್ತೇನೆಂದು ಫೋನ್ ನಂಬರು ಕೊಟ್ಟಿದ್ದನಂತೆ. "ಕೂಸು ಇಲ್ಲೇ ಅದ, ತಾಯಿ-ತಂದಿ ಅಲ್ಲಿ ಕಾಯಕತ್ಯಾರ. ನಡುವ ಇಷ್ಟು ಕಾಗದ ಯಾಕ್ರಿ?" ಎಂದು ಕೇಳಿದರು. ಅಂದು ನಾವು ಅವರಿಗೆ ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇವೆ.

ದತ್ತಕದ ವಿಚಾರ ನಮ್ಮವರಿಗೆ ಹೊಸದಲ್ಲ. 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ಅವನಿದ್ದ ಕಲ್ಯಾಣವು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. 1956ರವರೆಗೂ ಅದು ಈ ಹೈದರಾಬಾದ್ ರಾಜ್ಯದ್ದೇ ಊರು. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿ ಹನ್ನೆರಡು ಬಗೆಯ ಪುತ್ರರನ್ನು ಹೇಳುತ್ತದೆ. ಅವರಲ್ಲಿ ದತ್ತಕನೂ ಕ್ರೀತನೂ ಅಕ್ಕಪಕ್ಕದಲ್ಲೇ ಇದ್ದಾರೆ. ತಾಯಿತಂದೆ ಕೊಟ್ಟವನು ದತ್ತಕ, ಮಾರಿದವನು ಕ್ರೀತ. ಇಬ್ಬರೂ ಬೇರೆ ಬೇರೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಕಾಗದಕ್ಕಾಗಿ ಅರಮನೆಯೂ ಕಾದದ್ದುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಪಡೆದರು. ಇಲ್ಲಿನ ಬ್ರಿಟಿಷ್ ಸರ್ಕಾರ ಅವರನ್ನು ರಾಜ್ಯದ ವಾರಸುದಾರರೆಂದು ಒಪ್ಪಲಿಲ್ಲ. ಲಂಡನ್ನಿನಿಂದ ಒಪ್ಪಿಗೆ ಬಂದದ್ದು 1867ರಲ್ಲಿ. ಅಷ್ಟರಲ್ಲಿ ಕೂಸಿಗೆ ನಾಲ್ಕು ವರ್ಷ.

ಸ್ವಾತಂತ್ರ್ಯಾನಂತರ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಬಂತು. ದತ್ತಕಕ್ಕೆ ಹಣ ಕೊಡುವುದನ್ನೂ ಪಡೆಯುವುದನ್ನೂ ಅದು ನಿಷೇಧಿಸಿತು. ಆದರೆ ಅದು ಹಿಂದೂಗಳು ಮತ್ತು ಆ ಕಾಯಿದೆಗೆ ಒಳಪಟ್ಟವರಿಗೆ ಮಾತ್ರ. ಪರದೇಶದ ಅನ್ಯಮತೀಯ ದಂಪತಿಗಳಿಗೆ ಉಳಿದ ದಾರಿಯೆಂದರೆ 1890ರ ಪೋಷಕರು ಮತ್ತು ಪಾಲಿತರ ಕಾಯಿದೆ. ಜಿಲ್ಲಾ ನ್ಯಾಯಾಲಯದಿಂದ ಪೋಷಕತ್ವ ಪಡೆದು, ಮಗುವನ್ನು ಕರೆದೊಯ್ದು, ತಮ್ಮ ದೇಶದಲ್ಲಿ ದತ್ತು ಮಾಡಿಕೊಳ್ಳಬೇಕಿತ್ತು. ಎಲ್ಲ ಮತದವರಿಗೂ ಒಂದೇ ಕಾನೂನು ತರಲು 1972ರಲ್ಲಿ ಮಂಡಿಸಿದ ಮಸೂದೆಗೆ ವಿರೋಧ ಬಂದು, 1978ರಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು.

ಈ ಸಡಿಲಿನಲ್ಲಿ ಮಕ್ಕಳ ವ್ಯಾಪಾರ ನಡೆಯುತ್ತಿದೆಯೆಂದು ವಕೀಲ ಲಕ್ಷ್ಮೀಕಾಂತ ಪಾಂಡೆಯವರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವೇ ರಿಟ್ ಅರ್ಜಿಯಾಯಿತು. 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಕೊಟ್ಟ ತೀರ್ಪು ಇಂದಿನ ಕಾಗದಗಳಿಗೆಲ್ಲ ಮೂಲ. ಮೊದಲು ಸ್ವದೇಶದ ಕುಟುಂಬವನ್ನು ಹುಡುಕಬೇಕು. ಪರದೇಶದವರ ಅರ್ಜಿ ಅಲ್ಲಿಯ ಮಾನ್ಯ ಸಂಸ್ಥೆಯ ಮೂಲಕ, ಮನೆಯ ಸ್ಥಿತಿಗತಿಯ ವರದಿಯೊಡನೆ ಬರಬೇಕು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಮೂರು ತಿಂಗಳು ಅವಕಾಶವಿರಬೇಕು. ನ್ಯಾಯಾಲಯ ಮಾತ್ರ ತಡಮಾಡದೆ ಎರಡು ತಿಂಗಳೊಳಗೆ ಅರ್ಜಿಯನ್ನು ತೀರ್ಮಾನಿಸಬೇಕು. ಹೀಗೆ ತಾಯಿಗೆ ಸಾವಧಾನವನ್ನೂ ಮಗುವಿಗೆ ತ್ವರೆಯನ್ನೂ ಆ ತೀರ್ಪು ಒಟ್ಟಿಗೆ ಬಯಸಿತು. ಇದನ್ನು ನೋಡಿಕೊಳ್ಳಲು 1990ರಲ್ಲಿ 'ಕಾರಾ' ಎಂಬ ಕೇಂದ್ರ ಸಂಸ್ಥೆ ಹುಟ್ಟಿತು.

ಇಷ್ಟಾದರೂ ನಮ್ಮ ಹೈದರಾಬಾದಿನಲ್ಲಿ ಆದದ್ದೇನು? 1999ರಲ್ಲಿ ಒಮ್ಮೆ, 2001ರಲ್ಲಿ ಮತ್ತೊಮ್ಮೆ ನಗರದ ಕೆಲವು ಸಂಸ್ಥೆಗಳ ಹಗರಣ ಹೊರಬಿತ್ತು. ನಮ್ಮ ಕಡೆ ಲಂಬಾಣಿಗಳೆನ್ನುವ, ಇಲ್ಲಿ ಲಂಬಾಡಾ ಎನ್ನುವ ಬಡಜನರ ತಾಂಡಾಗಳಿಂದ ಹೆಣ್ಣುಕೂಸುಗಳನ್ನು ಮಧ್ಯವರ್ತಿಗಳು ಅಲ್ಪ ಹಣಕ್ಕೆ ಕೊಂಡು ತಂದಿದ್ದರು. ತಾಯಿ ಸ್ವಇಚ್ಛೆಯಿಂದ ಒಪ್ಪಿಸಿದಳೆಂಬ ಪತ್ರವೂ ಸಿದ್ಧವಾಗುತ್ತಿತ್ತು. ಕಡತ ನೋಡುವ ಗುಮಾಸ್ತನಿಗೆ ಅದರಲ್ಲಿ ತಪ್ಪು ಸಿಕ್ಕುವಂತಿರಲಿಲ್ಲ; ಕಾಗದ ಸರಿಯಿತ್ತು, ಬರೆದದ್ದು ಸುಳ್ಳು. ಕ್ರೀತವೇ ದತ್ತಕದ ಮುಖವಾಡ ತೊಟ್ಟಿತ್ತು. ಇದನ್ನು ಓದಿದಾಗ ಗುಮಾಸ್ತರಾದ ನಮಗೆ ಕಸಿವಿಸಿಯಾಗುತ್ತದೆ.

2001ರಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ ಒಪ್ಪಿಸಿದ ಮಕ್ಕಳ ದತ್ತಕವನ್ನೇ ತಡೆಯಿತು. ಕೂಸುಗಳನ್ನು ಸರ್ಕಾರದ ಶಿಶುವಿಹಾರಕ್ಕೆ ಸಾಗಿಸಲಾಯಿತು. ಆಗಲೇ ಪರದೇಶದ ಕುಟುಂಬಕ್ಕೆ ಗೊತ್ತಾಗಿದ್ದ ಮಕ್ಕಳ ಅರ್ಜಿಗಳೂ ಕೋರ್ಟಿನಲ್ಲಿ ಸಿಕ್ಕಿಕೊಂಡವು. ಮೋಸ ಮಾಡಿದವರು ಬೇರೆಯವರು. ಕಾದು ಕುಳಿತವರು ಕೂಸುಗಳು, ಅವಕ್ಕಾಗಿ ಹಂಬಲಿಸಿದ ನಿರಪರಾಧಿ ದಂಪತಿಗಳು.

ಮುಂದೆ 1993ರ ಹೇಗ್ ಒಪ್ಪಂದಕ್ಕೆ ಭಾರತ 2003ರಲ್ಲಿ ಸೇರಿತು. 2015ರಿಂದ ಅರ್ಜಿಗಳೆಲ್ಲ ಒಂದೇ ಗಣಕಜಾಲದಲ್ಲಿ ಸರದಿಯಂತೆ ಸಾಗುತ್ತವೆ. ಅನಿವಾಸಿ ಭಾರತೀಯರ ಸರದಿ ಇಲ್ಲಿಯ ನಿವಾಸಿಗಳಿಗೆ ಸಮಾನ. ಮನೆಯ ವರದಿ, ಮಗುವಿನ ಹಂಚಿಕೆ, ಆ ದೇಶದ ಒಪ್ಪಿಗೆ, ಕಾರಾದ ನಿರಾಕ್ಷೇಪಣಾ ಪತ್ರ, ದತ್ತಕದ ಆದೇಶ, ಪಾಸ್‌ಪೋರ್ಟು, ವೀಸಾ - ಇದು ಇಂದಿನ ಕ್ರಮ. 2022ರ ಸೆಪ್ಟೆಂಬರಿನಿಂದ ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಮಗು ಹೋದಮೇಲೂ ಎರಡು ವರ್ಷ ಅದರ ಯೋಗಕ್ಷೇಮದ ವರದಿ ಬರುತ್ತಿರಬೇಕು.

ಈ ಕಾಯುವಿಕೆ ಸುಲಭವೆಂದು ನಾವು ಹೇಳಲಾರೆವು. ಮೇಜಿನ ಮೇಲೆ ಕಡತ ಒಂದು ವಾರ ಸುಮ್ಮನೆ ಕುಳಿತರೆ ಅಲ್ಲಿ ಕೂಸೊಂದು ಒಂದು ವಾರ ದೊಡ್ಡದಾಗುತ್ತದೆ. ಆ ವಿಳಂಬಕ್ಕೆ ನಮ್ಮಂಥವರು ಉತ್ತರ ಹೇಳಬೇಕು. ಆದರೆ ತಾಯಿಯ ಮಾತು ನಿಜವೇ ಎಂದು ವಿಚಾರಿಸಲು ಹಿಡಿಯುವ ಕಾಲವನ್ನು ವಿಳಂಬವೆನ್ನಬಾರದು.

ಮಿತ್ರರು ಆ ಚೀಟಿಯನ್ನು ನಮ್ಮೆದುರೇ ಹರಿದರು. ಮಕ್ಕಳನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ 2015ರ ಕಾಯಿದೆಯಂತೆ ಐದು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿ ದಂಡ ಉಂಟೆಂದು ನಾವು ಹೇಳಿದ್ದು ಆಮೇಲೆ. ಅವರ ಮಗಳ ಸರದಿ ಇನ್ನೂ ಬಂದಿಲ್ಲ. ತೊಟ್ಟಿಲನ್ನು ಮಾತ್ರ ಅಜ್ಜಿ ತೊಳೆದು ಒಣಗಿಸಿಟ್ಟಿದ್ದಾರೆ.