ಫಲಿಸಿದ ಹರಕೆ, ಫಲಿಸದ ಹರಕೆ: ಒಂದು ಲೆಕ್ಕದ ಚರಿತ್ರೆ

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಸುತ್ತಮುತ್ತ, ಇಲ್ಲವೇ ಹೊಸನಗರ, ಸಾಗರಗಳ ಕಡೆ ನೀವು ಓಡಾಡಿದ್ದರೆ ಅಡಿಕೆ ತೋಟದ ಬೇಲಿಗೆ ಕಟ್ಟಿದ ಒಂದು ಫಲಕವನ್ನು ನೋಡಿರಬಹುದು. ಈ ಸ್ವತ್ತಿಗೆ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ ಎಂದು ಅದರಲ್ಲಿ ಬರೆದಿರುತ್ತದೆ. ಫಲಕ ಕಟ್ಟಿದ ಮೇಲೆ ಕಳ್ಳತನ ನಿಂತಿತು ಎಂದು ತೋಟದವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆಂದು ಭಾವಿಸಲು ಕಾರಣವಿಲ್ಲ.

ಆದರೆ ಇದು ದೇವಿಯ ಮಹಿಮೆಗೆ ಪುರಾವೆಯಾಗುತ್ತದೆಯೇ? ಸ್ವಲ್ಪ ಯೋಚಿಸಿ. ಕಳ್ಳನೂ ದೇವಿಗೆ ಹೆದರುವವನಾಗಿದ್ದರೆ ಫಲಕ ಕೆಲಸ ಮಾಡಿಯೇ ಮಾಡುತ್ತದೆ. ಆಗ ಅದು ಕಳ್ಳನ ನಂಬಿಕೆಗೆ ಪುರಾವೆ. ಫಲಕವಿದ್ದೂ ಗೊನೆ ಕಳವಾದರೆ, ಕದ್ದವನಿಗೆ ದೇವಿ ತೋರಿಸಿಯೇ ತೋರಿಸುತ್ತಾಳೆ ಎನ್ನುತ್ತಾರೆ. ಕಳವು ಆಗದಿದ್ದರೂ ಮಹಿಮೆ, ಆದರೂ ಮಹಿಮೆ. ಯಾವ ಫಲಿತಾಂಶ ಬಂದರೂ ಸುಳ್ಳಾಗದ ಹೇಳಿಕೆಯನ್ನು ಯಾವ ಫಲಿತಾಂಶವೂ ಸಾಬೀತು ಮಾಡಲಾರದು.

ಭಕ್ತಿ ಬೇಕೇ ಬೇಡವೇ ಎಂಬುದು ಇಲ್ಲಿಯ ಚರ್ಚೆಯಲ್ಲ. ಕಷ್ಟದಲ್ಲಿ ಮಾಡಿದ ಪ್ರಾರ್ಥನೆ ಮನಸ್ಸಿಗೆ ಧೈರ್ಯ ಕೊಡಬಹುದು. 'ನಾನು ಬೇಡಿಕೊಂಡೆ, ಅದು ಆಯಿತು, ಆದ್ದರಿಂದ ಬೇಡಿಕೆಯಿಂದಲೇ ಆಯಿತು' ಎಂಬ ತರ್ಕವನ್ನಷ್ಟೇ ನಾವು ಪರಿಶೀಲಿಸೋಣ. ಈ ತರ್ಕವನ್ನು ಪ್ರಶ್ನಿಸಿದ ಚರಿತ್ರೆ ಎರಡು ಸಾವಿರ ವರ್ಷಕ್ಕಿಂತ ಹಳೆಯದು.

ಕಾಣುವ ಘಂಟೆ, ಕಾಣದ ಘಂಟೆ

ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಗಣಪತಿಗೆ ಹರಕೆ ತೀರಿಸುವವರು ಘಂಟೆ ಕಟ್ಟುತ್ತಾರೆ. ಉಜಿರೆಯ ಬಳಿಯ ಸುರ್ಯದ ಸದಾಶಿವ ರುದ್ರನಿಗೆ ಮಣ್ಣಿನ ಗೊಂಬೆಗಳನ್ನು ಒಪ್ಪಿಸುತ್ತಾರೆ. ಸಾಲುಸಾಲು ಘಂಟೆಗಳನ್ನೂ ರಾಶಿ ಗೊಂಬೆಗಳನ್ನೂ ಕಂಡವರಿಗೆ, ಇಷ್ಟು ಜನರ ಅನುಭವ ಸುಳ್ಳಾಗುವುದುಂಟೇ ಎನ್ನಿಸುವುದು ಸಹಜ.

ಪ್ರಾಚೀನ ಗ್ರೀಸಿನಲ್ಲಿಯೂ ಇಂಥದೇ ರೂಢಿ ಇತ್ತು. ಸಾಮೊತ್ರೇಸ್ ಎಂಬ ದ್ವೀಪದ ದೇಗುಲದಲ್ಲಿ, ಕಡಲ ಬಿರುಗಾಳಿಯಿಂದ ಪಾರಾದವರು ಹರಕೆಯ ಚಿತ್ರಫಲಕಗಳನ್ನು ತೂಗುಹಾಕುತ್ತಿದ್ದರು. ದೇವರನ್ನು ನಂಬದ ಡಯಾಗೊರಸ್‌ನಿಗೆ ಸ್ನೇಹಿತನೊಬ್ಬ ಅವುಗಳನ್ನು ತೋರಿಸಿ, ಇದಕ್ಕೇನು ಹೇಳುತ್ತೀಯೆ ಎಂದು ಕೇಳಿದನಂತೆ. ಮುಳುಗಿ ಸತ್ತವರ ಚಿತ್ರಗಳು ಇಲ್ಲಿಲ್ಲವಲ್ಲ ಎಂಬುದು ಅವನ ಉತ್ತರದ ತಿರುಳು. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ರೋಮಿನ ಸಿಸೆರೊ ಈ ಕಥೆಯನ್ನು ಬರೆದಿಟ್ಟ. 1620ರಲ್ಲಿ ಫ್ರಾನ್ಸಿಸ್ ಬೇಕನ್ ಇಂಥದೇ ಕಥೆಯನ್ನು ಎತ್ತಿಕೊಂಡು, ಮನುಷ್ಯನ ಬುದ್ಧಿ ತನಗೆ ಒಪ್ಪುವ ಘಟನೆಗಳನ್ನು ನೆನಪಿಟ್ಟು ಒಪ್ಪದವನ್ನು ಬಿಟ್ಟುಬಿಡುತ್ತದೆ ಎಂದು ತೋರಿಸಿದ.

ಹರಕೆ ಫಲಿಸಿದವರು ಘಂಟೆ ಕಟ್ಟುತ್ತಾರೆ. ಫಲಿಸದವರು ಏನನ್ನೂ ಕಟ್ಟುವುದಿಲ್ಲ. ಹರಕೆಯನ್ನೇ ಹೊರದೆ ಕೆಲಸವಾದವರು ಆ ಕಡೆ ಬರುವುದೇ ಇಲ್ಲ. ಹರಕೆ ಹೊರದೆ, ಕೆಲಸವೂ ಆಗದವರದು ನಾಲ್ಕನೆಯ ಗುಂಪು. ನಾಲ್ಕು ಗುಂಪುಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದು ಒಂದೇ.

ಮಂಗನ ಜ್ವರದ ಪಾಠ

ಈ ನಾಲ್ಕು ಗುಂಪುಗಳ ಲೆಕ್ಕ ಮಲೆನಾಡಿನಲ್ಲಿ ಜೀವನ್ಮರಣದ ಪ್ರಶ್ನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗಿ ಬಂದವರು ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರಿಗೆ, ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಶಂಕೆ ಮೊದಲು ಬಂತು. ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಅಲ್ಲಿಯವರೆಗೆ ತಿಳಿಯದಿದ್ದ, ರಷ್ಯದಲ್ಲಿ ಮಿದುಳಿನ ಉರಿಯೂತ ತರುವ ವೈರಸ್ಸಿಗೆ ಹತ್ತಿರದ ಸಂಬಂಧಿ ಎಂದು ಗೊತ್ತಾಯಿತು. ಅದನ್ನು ಹರಡುವುದು ಕಾಡಿನ ಉಣ್ಣೆ. ಮಲೆನಾಡಿನವರ ಮಾತಿನಲ್ಲಿ ಉಣುಗು. ಇದೇ ಕ್ಯಾಸನೂರು ಕಾಡಿನ ಕಾಯಿಲೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಮತ್ತೆ ಹಲವರನ್ನು ಬಲಿ ತೆಗೆದುಕೊಂಡಿತು.

ಈ ಜ್ವರಕ್ಕೆ ನಿರ್ದಿಷ್ಟ ಔಷಧವಿಲ್ಲ, ಆರೈಕೆಯೇ ಚಿಕಿತ್ಸೆ. ಸೋಂಕಿತರಲ್ಲಿ ಸಾಯುವವರು ನೂರಕ್ಕೆ ಸುಮಾರು 3ರಿಂದ 5 ಮಂದಿ. ಈಗ ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 100 ರೋಗಿಗಳಲ್ಲಿ 60 ಮನೆಯವರು ಹರಕೆ ಹೊತ್ತರು, 40 ಮನೆಯವರು ಹೊರಲಿಲ್ಲ ಎನ್ನಿ. ಸಾವಿನ ಪ್ರಮಾಣ ನೂರಕ್ಕೆ 5 ಆಗಿದ್ದು, ಹರಕೆಗೂ ಗುಣಕ್ಕೂ ಏನೇನೂ ಸಂಬಂಧವಿಲ್ಲವೆಂದು ಇಟ್ಟುಕೊಳ್ಳಿ. ಆಗ 60ರಲ್ಲಿ 57 ಜನ ಗುಣವಾಗುತ್ತಾರೆ; 40ರಲ್ಲಿ 38 ಜನ ಗುಣವಾಗುತ್ತಾರೆ. ಎರಡೂ ಕಡೆ ನೂರಕ್ಕೆ 95. ಆದರೆ ಊರಿನಲ್ಲಿ ಕೇಳಿಬರುವುದು 57 ಹರಕೆಗಳು ಫಲಿಸಿದ ಕಥೆ ಮಾತ್ರ. ಹರಕೆ ಹೊತ್ತೂ ಮನೆಯವರನ್ನು ಕಳೆದುಕೊಂಡ ಮೂವರು ಅದನ್ನು ಯಾರ ಮುಂದೆ ಹೇಳಿಕೊಂಡಾರು? ಏನೂ ಪರಿಣಾಮವಿಲ್ಲದ ಕ್ರಮವೊಂದಕ್ಕೆ 57 ಸಾಕ್ಷಿಗಳು, ಎಲ್ಲರೂ ಪ್ರಾಮಾಣಿಕರು!

ಇದರಲ್ಲಿ ಇನ್ನೊಂದು ಅಪಾಯವಿದೆ. ಮಂಗನ ಜ್ವರ ಒಂದೆರಡು ವಾರದಲ್ಲಿ ತಾನಾಗಿ ಇಳಿಯುವುದುಂಟು. ಕೆಲವರಿಗೆ ಅದಾದ ಒಂದೆರಡು ವಾರಗಳಲ್ಲಿ ಜ್ವರ ಮರಳಿ, ತೀವ್ರ ತಲೆನೋವು, ನಡುಕ, ಮಂಕು ಕಾಣಿಸಿಕೊಳ್ಳುತ್ತವೆ. ಮೊದಲ ಸಲ ಜ್ವರ ಇಳಿದಾಗಲೇ ಹರಕೆ ಫಲಿಸಿತೆಂದು ನಿಶ್ಚಿಂತರಾಗಿ ಆಸ್ಪತ್ರೆಯನ್ನು ಮರೆತರೆ, ತಪ್ಪು ತರ್ಕದ ಬೆಲೆಯನ್ನು ರೋಗಿಯೇ ತೆರಬೇಕಾಗುತ್ತದೆ.

ಮಳೆಗಾಗಿ ಮೊರೆ

ಜ್ವರದಂತೆಯೇ ಮಳೆಯದೂ. ಶೃಂಗೇರಿಯ ಬಳಿಯ ಕಿಗ್ಗದ ಋಷ್ಯಶೃಂಗೇಶ್ವರ ಮಳೆಯ ದೇವರೆಂದೇ ಪ್ರಸಿದ್ಧ. 2019ರಲ್ಲಿ ರಾಜ್ಯದ ಮುಜರಾಯಿ ಇಲಾಖೆ ತನ್ನ ದೇವಾಲಯಗಳಲ್ಲಿ ಜೂನ್ 6ರಂದು ಪರ್ಜನ್ಯ ಹೋಮ ನಡೆಸಲು ಸೂಚಿಸಿತ್ತು. ಜೂನ್ 8ರಂದು ಮುಂಗಾರು ಕೇರಳವನ್ನು ಮುಟ್ಟಿತು. ಎರಡೇ ದಿನದಲ್ಲಿ ಫಲ ಎನ್ನಬಹುದಲ್ಲವೇ?

ಮುಂಗಾರು ಕೇರಳವನ್ನು ತಲಪುವ ವಾಡಿಕೆಯ ದಿನ ಜೂನ್ 1. ಅಂದರೆ ಆ ವರ್ಷ ಅದು ಬಂದದ್ದು ಒಂದು ವಾರ ತಡವಾಗಿ. ಆ ಜೂನ್‌ನಲ್ಲಿ ದೇಶದ ಒಟ್ಟು ಮಳೆ ವಾಡಿಕೆಗಿಂತ ಶೇಕಡ 33ರಷ್ಟು ಕಡಿಮೆಯಾಯಿತು. ಆಗಸ್ಟ್‌ನಲ್ಲಿ ಅದೇ ಮಳೆ ಉತ್ತರ ಕರ್ನಾಟಕ, ಮಲೆನಾಡು, ಕೊಡಗುಗಳಲ್ಲಿ ಪ್ರವಾಹವಾಗಿ ಮನೆಮಾರುಗಳನ್ನು ಕೊಚ್ಚಿಕೊಂಡು ಹೋಯಿತು. ಈ ಮೂರರಲ್ಲಿ ಯಾವುದನ್ನು ಪ್ರಾರ್ಥನೆಯ ಉತ್ತರವೆಂದು ಎಣಿಸಬೇಕು? ಮೊದಲೇ ನಿಗದಿ ಮಾಡದಿದ್ದರೆ, ಬೇಕಾದುದನ್ನು ಆಮೇಲೆ ಆರಿಸಿಕೊಳ್ಳಬಹುದು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಖ್ಯಾಶಾಸ್ತ್ರದ ಅಂಶವೊಂದಿದೆ. ನಾವು ಮೊರೆಯಿಡುವುದು ಯಾವಾಗ? ಕೆರೆ ಬತ್ತಿದಾಗ, ಜ್ವರ ಏರಿದಾಗ, ನೋವು ತಡೆಯಲಾರದಾಗ. ಏರಿಳಿಯುವ ಯಾವುದೇ ರಾಶಿ ತನ್ನ ತುದಿ ಮುಟ್ಟಿದ ಮೇಲೆ ಸಾಮಾನ್ಯವಾಗಿ ಸರಾಸರಿಯ ಕಡೆಗೆ ಮರಳುತ್ತದೆ. ಹೀಗಾಗಿ ಅತಿ ಕೆಟ್ಟ ಗಳಿಗೆಯಲ್ಲಿ ಏನು ಮಾಡಿದರೂ, ಏನೂ ಮಾಡದಿದ್ದರೂ, ಮುಂದಿನ ದಿನಗಳು ಹೆಚ್ಚಾಗಿ ಸ್ವಲ್ಪ ಉತ್ತಮವಾಗಿಯೇ ಇರುತ್ತವೆ.

ಎಣಿಸಿ ನೋಡಿದವರು

ಹಾಗಾದರೆ ಪ್ರಾರ್ಥಿಸಿದವರನ್ನೂ ಪ್ರಾರ್ಥಿಸದವರನ್ನೂ ಹೋಲಿಸಬಹುದಲ್ಲ? ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1872ರಲ್ಲಿ ಇದಕ್ಕೆ ಕೈಹಾಕಿದ. ರಾಜಮನೆತನದವರ ದೀರ್ಘಾಯುಷ್ಯಕ್ಕಾಗಿ ಅಲ್ಲಿಯ ಚರ್ಚುಗಳಲ್ಲಿ ನಿಯಮಿತವಾಗಿ ಪ್ರಾರ್ಥನೆ ನಡೆಯುತ್ತಿತ್ತು. 30 ವರ್ಷ ದಾಟಿದವರ ಆಯುಸ್ಸನ್ನು ಅವನು ಹೋಲಿಸಿದಾಗ ರಾಜಮನೆತನದವರ ಸರಾಸರಿ 64.04 ವರ್ಷ, ಪಾದ್ರಿಗಳದು 69.49, ಹಳ್ಳಿಗಾಡಿನ ಜಮೀನ್ದಾರರದು 70.22. ಅತಿ ಹೆಚ್ಚು ಪ್ರಾರ್ಥನೆ ಪಡೆದವರು ಆ ಪಟ್ಟಿಯಲ್ಲಿ ಕೊನೆಯಲ್ಲಿದ್ದರು. ಈ ಹೋಲಿಕೆಯಲ್ಲಿಯೂ ದೋಷವಿದೆ. ರಾಜರಿಗೂ ಪಾದ್ರಿಗಳಿಗೂ ಊಟ, ಜೀವನಕ್ರಮ, ಚಿಂತೆ ಎಲ್ಲವೂ ಬೇರೆ. ಪ್ರಾರ್ಥನೆಯೊಂದನ್ನು ಬಿಟ್ಟು ಉಳಿದುದೆಲ್ಲ ಸಮಾನವಾಗಿರಬೇಕಿತ್ತು.

ಅಂಥ ಪ್ರಯೋಗದ ವರದಿ 2006ರಲ್ಲಿ ಪ್ರಕಟವಾಯಿತು. ಅಮೆರಿಕದ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದ 1802 ರೋಗಿಗಳನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಿದರು. ಮೊದಲ ಎರಡು ಗುಂಪಿನವರಿಗೆ, ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಎಂದಷ್ಟೇ ತಿಳಿಸಲಾಗಿತ್ತು. ಅವರಲ್ಲಿ ಪ್ರಾರ್ಥನೆ ನಡೆದ ಗುಂಪಿನ ಶೇಕಡ 52 ರೋಗಿಗಳಿಗೆ, ನಡೆಯದ ಗುಂಪಿನ ಶೇಕಡ 51 ರೋಗಿಗಳಿಗೆ ತೊಡಕುಗಳು ಕಾಣಿಸಿಕೊಂಡವು. ಹೆಚ್ಚುಕಡಿಮೆ ಒಂದೇ. ಪ್ರಾರ್ಥನೆ ಖಂಡಿತ ನಡೆಯುತ್ತದೆಂದು ತಿಳಿಸಿದ್ದ ಮೂರನೆಯ ಗುಂಪಿನಲ್ಲಿ ಈ ಪ್ರಮಾಣ ಶೇಕಡ 59.

ದೇವರನ್ನು ಹೀಗೆ ಪರೀಕ್ಷೆಗೆ ಒಡ್ಡಬಾರದು ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ನಿಲುವನ್ನು ಗೌರವಿಸಬಹುದು. ಆದರೆ ಪರೀಕ್ಷೆ ಬೇಡವೆನ್ನುವವರು ಫಲಿಸಿದ ಹರಕೆಯನ್ನು ಪುರಾವೆಯಾಗಿ ಮುಂದಿಡುವುದನ್ನೂ ಬಿಡಬೇಕಾಗುತ್ತದೆ. ಗೆದ್ದಾಗ ಎಣಿಸಿ, ಸೋತಾಗ ಎಣಿಸದಿರುವ ಆಟ ನ್ಯಾಯದ್ದಲ್ಲ.

ಕರ್ನಾಟಕದಲ್ಲಿ ಈ ಮಾತನ್ನು ಸಾರ್ವಜನಿಕವಾಗಿ, ಗಟ್ಟಿಯಾಗಿ ಹೇಳಿದವರು ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಅವರು ಸಮಿತಿಯೊಂದನ್ನು ರಚಿಸಿದರು. ನಿಯಂತ್ರಿತ ಪರಿಸ್ಥಿತಿಯಲ್ಲಿ ಪವಾಡ ತೋರಿಸಬೇಕೆಂದು ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ವಾದವೇ ಎದ್ದಿತು. 1977ರಲ್ಲಿ ಸಮಿತಿ ಕೊನೆಗೊಂಡಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿಸಿದ 42ನೆಯ ತಿದ್ದುಪಡಿಯೂ 1976ರದೇ.

ಕೈಚಳಕದ ಪವಾಡವನ್ನು ಹಿಡಿಯಲು ಕೈಯ ಮೇಲೆ ಕಣ್ಣಿಟ್ಟರೆ ಸಾಕು. ದಿನನಿತ್ಯದ ಹರಕೆಯಲ್ಲಿ ಮೋಸಗಾರನೇ ಇಲ್ಲ. ನಮ್ಮ ನೆನಪೇ ನಮ್ಮನ್ನು ತಪ್ಪುದಾರಿಗೆ ಎಳೆಯುತ್ತದೆ. ಅದಕ್ಕೆ ಮದ್ದು ಎಣಿಕೆ ಮತ್ತು ಹೋಲಿಕೆ.

ಮತ್ತೆ ತೋಟಕ್ಕೆ

ಹೋಲಿಕೆಯ ಶಕ್ತಿಯನ್ನು ಅರಿಯಲು ಅಡಿಕೆ ತೋಟಕ್ಕೇ ಮರಳೋಣ. ಕಳ್ಳರನ್ನು ಹೆದರಿಸುವ ಉಪಾಯ ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ಬೆಳೆಗಾರರಲ್ಲಿಯೂ ಇತ್ತು. ದಾರಿಹೋಕರು ಹಣ್ಣು ಕೀಳದಂತೆ ಅವರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಎರಚುತ್ತಿದ್ದರು. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಅತ್ತ ಬಂದಾಗ, ಒಳಗಿನ ಸಾಲುಗಳು ಬೂಷ್ಟು ರೋಗದಿಂದ ಎಲೆ ಉದುರಿಸಿ ನಿಂತಿದ್ದವು. ರಸ್ತೆ ಬದಿಯ ಸಾಲುಗಳು ಹಸಿರಾಗಿದ್ದವು. ಒಂದೇ ತೋಟ, ಒಂದೇ ಮಣ್ಣು, ಒಂದೇ ಮಳೆ; ವ್ಯತ್ಯಾಸ ಮಿಶ್ರಣದ್ದು ಮಾತ್ರ. ಅವನು ಪ್ರಯೋಗ ಮುಂದುವರಿಸಿ 1885ರಲ್ಲಿ ಬೋರ್ಡೋ ದ್ರಾವಣವನ್ನು ಪ್ರಕಟಿಸಿದ.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು 1910ರಲ್ಲಿ ವಿವರಿಸಿದರು. ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ನಾಡಿಗೆ ಬೋರ್ಡೋ ಸಿಂಪಡಣೆ ಬಂತು. ಇಂದಿಗೂ ಮಳೆಗಾಲದ ಮುನ್ನ ಕೊನೆಗಾರರು ಮರಕ್ಕೆ ಔಷಧ ಹೊಡೆಯುತ್ತಾರೆ. ಹೊಡೆಯುವ ಮುನ್ನ ದೇವರಿಗೆ ಕೈಮುಗಿಯುವವರೂ ಉಂಟು. ಆದರೆ ಕೈಮುಗಿದು ಔಷಧ ಬಿಟ್ಟವರು ವಿರಳ. ಯಾವುದು ಕೊಳೆ ತಡೆಯುತ್ತದೆಂಬುದು ತೋಟದವರಿಗೆ ಗೊತ್ತು.

ಈ ಅಳತೆಗೋಲು ವಿಜ್ಞಾನವನ್ನೂ ಬಿಡುವುದಿಲ್ಲ. ಮಂಗನ ಜ್ವರದ ಲಸಿಕೆ ಎರಡು ವರಸೆ ಪಡೆದವರಲ್ಲಿ ಶೇಕಡ 93.5ರಷ್ಟು ಪರಿಣಾಮಕಾರಿ ಎಂದು 1990ರ ದಶಕದ ವರದಿ ಹೇಳಿತ್ತು. 2005ರಿಂದ 2010ರವರೆಗಿನ ದಾಖಲೆಗಳನ್ನು ಹೋಲಿಸಿದಾಗ ಅದು ಶೇಕಡ 62.4ಕ್ಕೆ ಇಳಿಯಿತು. 2022ರ ಹೊತ್ತಿಗೆ ಆ ಲಸಿಕೆಯ ಬಳಕೆಯೇ ನಿಂತಿತು. ಲಸಿಕೆ ಪಡೆದು ಜ್ವರ ಬಾರದವರು ಸಾವಿರಾರು ಮಂದಿ ಇದ್ದರು. ಅವರ ಸಾಕ್ಷ್ಯವನ್ನಷ್ಟೇ ಕೇಳಿದ್ದರೆ ಕೊರತೆ ತಿಳಿಯುತ್ತಲೇ ಇರಲಿಲ್ಲ. ಪಡೆದೂ ಜ್ವರ ಬಂದವರನ್ನು ಎಣಿಸಿದ್ದರಿಂದಲೇ ಹೊಸ ಲಸಿಕೆಯ ಅಗತ್ಯ ಸ್ಪಷ್ಟವಾಯಿತು.

ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿಸಿ ನೋಡಬಹುದು. ಒಂದು ಹಾಳೆಯಲ್ಲಿ ನಾಲ್ಕು ಮನೆಗಳನ್ನು ಗೆರೆ ಎಳೆಯಿರಿ: ಬೇಡಿಕೊಂಡು ಆದದ್ದು, ಬೇಡಿಕೊಂಡೂ ಆಗದ್ದು, ಬೇಡಿಕೊಳ್ಳದೆ ಆದದ್ದು, ಬೇಡಿಕೊಳ್ಳದೆ ಆಗದ್ದು. ಕ್ರಿಕೆಟ್ ಪಂದ್ಯ, ನಾಳಿನ ಮಳೆ, ಕಳೆದುಹೋದ ವಸ್ತು ಸಿಗುವುದು, ಹೀಗೆ ಯಾವುದಾದರೂ ಆಗಬಹುದು. ಆಗಬೇಕಾದುದೇನು, ಯಾವ ದಿನದೊಳಗೆ ಎಂಬುದನ್ನು ಫಲಿತಾಂಶ ತಿಳಿಯುವ ಮೊದಲೇ ಬರೆದಿಡಬೇಕು. ಯಾರು ಬೇಡಿಕೊಂಡರೆಂದು ಹೆಸರು ಬರೆಯುವುದು ಬೇಡ. ಯಾರ ಭಕ್ತಿಯೂ ನಗೆಪಾಟಲಾಗಬಾರದು. ಮೂರು ತಿಂಗಳು ಕಳೆದ ಮೇಲೆ ನಾಲ್ಕೂ ಮನೆಗಳನ್ನು ಎಣಿಸಿ. ನೆನಪಿನಿಂದಲೇ ತುಂಬಿಸಲು ಹೋದರೆ ಯಾವ ಮನೆಗಳು ಖಾಲಿ ಉಳಿಯುತ್ತಿದ್ದವು ಎಂಬುದನ್ನು ಮಕ್ಕಳೇ ನಿಮಗೆ ಹೇಳುತ್ತಾರೆ.