ಮ್ಯೂನಿಕ್ ನಗರದ ಬೀರ್ ತೋಟಗಳು

ಒಂದು ಜನಾಂಗದ ಚರಿತ್ರೆಯನ್ನು ಅರಿಯಲೆಳಸುವವರು ಅದರ ಯುದ್ಧಗಳನ್ನೂ ಸಂಧಿಗಳನ್ನೂ ರಾಜವಂಶಗಳನ್ನೂ ಓದಿದರೆ ಸಾಲದು. ಆ ಜನರು ದುಡಿಮೆ ಮುಗಿದ ಮೇಲೆ ಎಲ್ಲಿ ಕುಳಿತರು, ಯಾರೊಡನೆ ಕುಳಿತರು, ಏನನ್ನು ಉಂಡರು ಎಂಬುದನ್ನೂ ವಿಚಾರಿಸಬೇಕು. ದುಡಿಮೆಯನ್ನು ಒಡೆಯನು ಗೊತ್ತುಮಾಡುವನು. ವಿರಾಮವನ್ನು ಮನುಷ್ಯನು ತಾನೇ ಆರಿಸಿಕೊಳ್ಳುವನು. ಆದುದರಿಂದ ವಿರಾಮದ ಚರಿತ್ರೆಯಲ್ಲಿ ಜನರ ಸ್ವಭಾವವು ಹೆಚ್ಚು ನಿಚ್ಚಳವಾಗಿ ತೋರುವುದುಂಟು. ಜರ್ಮನಿಯ ದಕ್ಷಿಣದಲ್ಲಿರುವ ಬವೇರಿಯ ನಾಡಿನ ರಾಜಧಾನಿಯಾದ ಮ್ಯೂನಿಕ್ ನಗರದ ಬೀರ್ ತೋಟಗಳು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿವೆ.

ಪಾನೀಯದ ಹೆಸರನ್ನೆತ್ತಿದೊಡನೆ ನಮ್ಮಲ್ಲಿ ಅನೇಕರು ಮುಖ ತಿರುಗಿಸುವರು. ಅದಕ್ಕೆ ತಕ್ಕ ಕಾರಣಗಳೂ ಇವೆ. ಈ ಲೇಖನವು ಪಾನವನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಹೊರಟುದಲ್ಲ. ಒಂದು ನಗರದ ಜನರು ಬಿಸಿಲಿನ ದಿನಗಳಲ್ಲಿ ಮರದ ನೆರಳಿನಲ್ಲಿ ಒಟ್ಟಿಗೆ ಕುಳಿತುಕೊಳ್ಳುವ ಹಕ್ಕನ್ನು ಹೇಗೆ ಪಡೆದರು, ಹೇಗೆ ಕೆಡಿಸಿಕೊಂಡರು, ಹೇಗೆ ಮತ್ತೆ ಉಳಿಸಿಕೊಂಡರು ಎಂಬುದಷ್ಟೇ ಇಲ್ಲಿಯ ವಿಷಯ.

ಮ್ಯೂನಿಕ್ ನಗರವು ಮೊದಲು ಲಿಖಿತವಾಗಿ ಕಾಣಿಸಿಕೊಳ್ಳುವುದು ಕ್ರಿ. ಶ. 1158ರಲ್ಲಿ. ಸನ್ಯಾಸಿಗಳ ನೆಲೆಯ ಬಳಿಯ ಊರು ಎಂಬುದೇ ಆ ಹೆಸರಿನ ಅರ್ಥ. ಈಸಾರ್ ನದಿಯ ದಂಡೆಯಲ್ಲಿ, ಸಮುದ್ರಮಟ್ಟಕ್ಕೆ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿ, ಅದು ನೆಲೆಗೊಂಡಿದೆ. ದಕ್ಷಿಣಕ್ಕೆ ಆಲ್ಪ್ಸ್ ಪರ್ವತಗಳು. ಆ ಪರ್ವತಗಳನ್ನು ದಾಟಿ ಇಳಿಯುವ ಬೆಚ್ಚನೆಯ ಒಣಗಾಳಿಯು ಬೀಸಿದ ದಿನ ಮುಗಿಲು ಚದರಿ, ದೂರದ ಹಿಮಶಿಖರಗಳು ಊರಿನ ಅಂಚಿಗೇ ಬಂದು ನಿಂತಂತೆ ಕಾಣುವುವು. ಚಳಿಗಾಲವು ದೀರ್ಘವಾದ ಆ ನಾಡಿನಲ್ಲಿ ಬೇಸಗೆಯ ಬಿಸಿಲು ನಮ್ಮ ಬಯಲುಸೀಮೆಯ ಬಿಸಿಲಿನಂತೆ ಜನರನ್ನು ಮನೆಯೊಳಕ್ಕೆ ಓಡಿಸುವುದಿಲ್ಲ. ಮನೆಯಿಂದ ಹೊರಕ್ಕೆ ಕರೆಯುವುದು. ಬೀರ್ ತೋಟದ ಕಥೆಯು ಮೊದಲಿನಿಂದ ಕೊನೆಯವರೆಗೆ ಈ ಬಿಸಿಲಿನ ಕಥೆಯೇ ಆಗಿದೆ.

ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನೀರಿನಲ್ಲಿ ಕಾಯಿಸಿ, ಆ ರಸಕ್ಕೆ ಹಾಪ್ ಎಂಬ ಬಳ್ಳಿಯ ಕಹಿ ಹೂವನ್ನು ಕೂಡಿಸಿ ಕುದಿಸಿ, ಆರಿದ ಮೇಲೆ ಹುದುಗಿಸಿದರೆ ಬೀರ್ ಆಗುವುದು. 1516ನೆಯ ಇಸವಿ ಏಪ್ರಿಲ್ 23ರಂದು ಇಂಗೋಲ್‌ಷ್ಟಾಟ್ ನಗರದಲ್ಲಿ ಬವೇರಿಯದ ಡ್ಯೂಕರಾದ ನಾಲ್ಕನೆಯ ವಿಲ್‌ಹೆಲ್ಮ್ ಮತ್ತು ಹತ್ತನೆಯ ಲೂಡ್‌ವಿಗ್ ಎಂಬ ಸೋದರರು ಒಂದು ಶಾಸನವನ್ನು ಹೊರಡಿಸಿದರು. ಜವೆ, ಹಾಪ್, ನೀರು, ಈ ಮೂರರ ಹೊರತು ಬೇರಾವುದನ್ನೂ ಬೀರಿಗೆ ಸೇರಿಸಕೂಡದೆಂದು ಅದು ವಿಧಿಸಿತು. ಹುದುಗಿಗೆ ಕಾರಣವಾದ ಸೂಕ್ಷ್ಮಜೀವಿಯ ವಿಚಾರವು ಆಗ ಯಾರಿಗೂ ತಿಳಿದಿರಲಿಲ್ಲವಾಗಿ ಅದರ ಮಾತೇ ಅಲ್ಲಿಲ್ಲ. ಶಾಸನದ ಶುದ್ಧಿಯ ನಿಯಮವನ್ನು ಎಲ್ಲರೂ ಉದಾಹರಿಸುವರು. ಆದರೆ ಅದರ ಹೆಚ್ಚಿನ ಭಾಗವು ಬೆಲೆಯನ್ನು ಕುರಿತದ್ದು. ಚಳಿಗಾಲದಲ್ಲಿ ಒಂದು ಅಳತೆಗೆ ಒಂದು ಫೆನಿಗ್, ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದಿಂದ ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದವರೆಗೆ ಎರಡು ಫೆನಿಗ್, ಇದಕ್ಕೆ ಮೀರಿ ಮಾರಬಾರದು. ಬೇಸಗೆಯ ಬೀರಿಗೆ ಇಮ್ಮಡಿ ಬೆಲೆ ಏಕೆಂದರೆ ಬಿಸಿಲಿನಲ್ಲಿ ಅದನ್ನು ಕೆಡದಂತೆ ಕಾಪಾಡುವುದು ಅಷ್ಟು ಕಷ್ಟವಾಗಿತ್ತು.

ಬವೇರಿಯದ ಬೀರು ತಂಪಿನಲ್ಲಿ ನಿಧಾನವಾಗಿ ಹುದುಗುವ ಜಾತಿಯದು. ಸೆಕೆಯಲ್ಲಿ ಕಾಯಿಸಿದ ರಸವು ಹುಳಿತು ಹಾಳಾಗುತ್ತಿತ್ತು. ಮರದ ಮನೆಗಳು ಒತ್ತಾಗಿದ್ದ ಊರಿನಲ್ಲಿ ಬೇಸಗೆಯ ಒಲೆಯಿಂದ ಬೆಂಕಿಯ ಭಯವೂ ಇತ್ತು. ಆದಕಾರಣ 1553ರಲ್ಲಿ ಐದನೆಯ ಆಲ್ಬ್ರೆಕ್ಟ್ ಡ್ಯೂಕನು ಆ ಎರಡು ಹಬ್ಬಗಳ ನಡುವಣ ಬೇಸಗೆಯ ಅವಧಿಯಲ್ಲಿ ಬೀರನ್ನು ತಯಾರಿಸಕೂಡದೆಂದು ನಿಷೇಧಿಸಿದನು. ಮಾರ್ಚ್ ತಿಂಗಳಲ್ಲಿಯೇ ತುಸು ಗಟ್ಟಿಯಾಗಿ ತಯಾರಿಸಿ ಬೇಸಗೆಗೆಂದು ಕೂಡಿಡುವ ಪದ್ಧತಿಯು ಇದರಿಂದ ಬೆಳೆಯಿತು. ಆದರೆ ಕೂಡಿಡುವುದೆಲ್ಲಿ? ಮ್ಯೂನಿಕ್ಕಿನ ತಗ್ಗು ಭಾಗದಲ್ಲಿ ಅಗೆದರೆ ಬೇಗನೆ ನೀರು ಸಿಕ್ಕುವುದು. ಹೀಗಾಗಿ ಬೀರ್ ತಯಾರಕರು ಊರ ಹೊರಗೆ, ಈಸಾರ್ ನದಿಯ ಎತ್ತರದ ದಂಡೆಗಳಲ್ಲಿ, ಆಳವಾದ ನೆಲಮಾಳಿಗೆಗಳನ್ನು ಅಗೆದರು. ಚಳಿಗಾಲದಲ್ಲಿ ಕೆರೆಕೊಳಗಳ ಮಂಜುಗಡ್ಡೆಯನ್ನು ಕೊಯ್ದು ತಂದು ಅವುಗಳಲ್ಲಿ ತುಂಬಿದರು. ಮೇಲಿನ ನೆಲವು ಕಾಯದಿರಲೆಂದು ಅದರ ಮೇಲೆ ಗರಸನ್ನು ಹರಡಿ, ಕುದುರೆ-ಚೆಸ್ಟ್‌ನಟ್ ಎಂಬ ಮರಗಳನ್ನು ಸಾಲಾಗಿ ನೆಟ್ಟರು. ಆ ಮರದ ಎಲೆಯು ಅಗಲ, ನೆರಳು ದಟ್ಟ. ಬೇರು ಆಳಕ್ಕೆ ಹೋಗಿ ಮಾಳಿಗೆಯ ಕಮಾನನ್ನು ಒಡೆಯುವುದಿಲ್ಲ. ಮನುಷ್ಯನ ಸುಖಕ್ಕಾಗಿ ಅಲ್ಲ, ಪೀಪಾಯಿಗಳ ತಂಪಿಗಾಗಿ ಆ ತೋಪುಗಳು ಹುಟ್ಟಿದುವು ಎಂಬುದನ್ನು ವಾಚಕರು ಗಮನಿಸಬೇಕು.

ಆದರೆ ನೆರಳಿದ್ದಲ್ಲಿಗೆ ಜನರು ಬಾರದಿರುವರೆ? ಭಾನುವಾರದ ಮಧ್ಯಾಹ್ನ ಊರಿನವರು ಸಂಸಾರಸಮೇತರಾಗಿ ದಂಡೆಯ ತೋಪುಗಳಿಗೆ ನಡೆದು ಬಂದು, ಮಾಳಿಗೆಯಿಂದ ಆಗತಾನೆ ತಂದ ತಣ್ಣನೆಯ ಬೀರನ್ನು ಅಲ್ಲಿಯೇ ಕುಡಿಯತೊಡಗಿದರು. ತಯಾರಕರು ಬೆಂಚುಗಳನ್ನು ಹಾಕಿದರು. ಬರಬರುತ್ತ ಊಟವನ್ನೂ ಬಡಿಸತೊಡಗಿದರು. ಊರೊಳಗಣ ಪಾನಗೃಹಗಳು ಬರಿದಾದುವು. ತಮ್ಮ ಹೊಟ್ಟೆಯ ಮೇಲೆ ಹೊಡೆದಂತಾಯಿತೆಂದು ಅವುಗಳ ಯಜಮಾನರು ಅರಸನಲ್ಲಿ ಮೊರೆಯಿಟ್ಟರು.

ಆಗ ಬವೇರಿಯವನ್ನು ಆಳುತ್ತಿದ್ದವನು ಒಂದನೆಯ ಮ್ಯಾಕ್ಸಿಮಿಲಿಯನ್ ಯೋಸೆಫ್. ನೆಪೋಲಿಯನ್ನನ ಮೈತ್ರಿಯಿಂದ 1806ರಲ್ಲಿ ರಾಜಪದವಿಯನ್ನು ಪಡೆದವನು. 1812ನೆಯ ಇಸವಿ ಜನವರಿ 4ರಂದು ಅವನು ಕೊಟ್ಟ ತೀರ್ಪು ಎರಡು ಪಕ್ಷಗಳನ್ನೂ ಸಮಾಧಾನಗೊಳಿಸುವಂತಹುದು. ತಯಾರಕರು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ತಮ್ಮ ಮಾಳಿಗೆಗಳ ಬಳಿ ತಾವೇ ತಯಾರಿಸಿದ ಬೀರನ್ನು ಚಿಲ್ಲರೆಯಾಗಿ ಮಾರಬಹುದು; ಅದರೊಡನೆ ರೊಟ್ಟಿಯನ್ನು ಕೊಡಬಹುದು; ಬೇರಾವ ಆಹಾರವನ್ನೂ ಪಾನೀಯವನ್ನೂ ಕೊಡಕೂಡದು. ಅದೇ ವರ್ಷ ಬವೇರಿಯದ ಸುಮಾರು 30,000 ಮಂದಿ ಸೈನಿಕರು ನೆಪೋಲಿಯನ್ನನ ಹಿಂದೆ ರಷ್ಯಕ್ಕೆ ನಡೆದರು. ಅವರಲ್ಲಿ ಹೆಚ್ಚಿನವರು ಮರಳಿ ಬರಲಿಲ್ಲ. ಆ ದಂಡಯಾತ್ರೆಯಿಂದ ನಾಡಿಗೆ ಉಳಿದುದು ಶೋಕ. ಜನವರಿಯ ಆ ಸಣ್ಣ ತೀರ್ಪಿನ ಫಲವಾದರೋ ಇಂದಿಗೂ ಜನರ ಅನುಭವದಲ್ಲಿದೆ.

ಮಾರುವವನು ಊಟವನ್ನು ಕೊಡಬಾರದೆಂದರೆ ಬರುವವನು ತಾನೇ ತರಬೇಕಷ್ಟೆ. ಜನರು ಬುತ್ತಿಯನ್ನು ಕಟ್ಟಿಕೊಂಡು ಬಂದರು. ತೆಳ್ಳಗೆ ಸುರುಳಿಯಾಗಿ ಹೆಚ್ಚಿ ಉಪ್ಪು ತಳಿದ ಮೂಲಂಗಿ, ಗಿಣ್ಣು, ರೊಟ್ಟಿ, ಮಾಂಸ, ಹೀಗೆ ಮನೆಯಲ್ಲಿ ಇದ್ದುದನ್ನು ತಂದು ಮೇಜಿನ ಮೇಲೆ ಬಿಚ್ಚಿದರು. ಇದರ ಪರಿಣಾಮವು ಅರಸನು ಊಹಿಸದಷ್ಟು ದೊಡ್ಡದಾಯಿತು. ಹೋಟೆಲಿನಲ್ಲಿ ಊಟದ ಬೆಲೆಯೇ ಬಡವನನ್ನು ಬಾಗಿಲಲ್ಲಿ ತಡೆಯುವುದು. ಇಲ್ಲಿ ಒಂದು ಲೋಟದ ಹಣವಿದ್ದರೆ ಕೂಲಿಯವನೂ ನ್ಯಾಯಾಧೀಶನೂ ಒಂದೇ ಉದ್ದನೆಯ ಬೆಂಚಿನ ಮೇಲೆ ಕೂಡಬಹುದು. ತಾಯಿಯು ಮಕ್ಕಳೊಡನೆ ಬರಬಹುದು. ಮುದುಕರು ಇಡೀ ಸಂಜೆಯನ್ನು ಒಂದೇ ಲೋಟದಲ್ಲಿ ಕಳೆಯಬಹುದು. ನಮ್ಮ ಹಳ್ಳಿಗಳ ಅರಳಿಕಟ್ಟೆಯಲ್ಲಿ ಕುಳಿತವನನ್ನು ಎದ್ದು ಹೋಗೆನ್ನಲು ಯಾರಿಗೆ ಮನಸ್ಸು ಬರುವುದು? ಆ ತೋಟಗಳಿಗೂ ಅಂತಹುದೇ ಒಂದು ಮರ್ಯಾದೆ ಬಂದಿತು. ಇಬ್ಬರು ವ್ಯಾಪಾರಿಗಳ ಜಗಳವನ್ನು ಬಗೆಹರಿಸಲು ಹುಟ್ಟಿದ ನಿಷೇಧವು ಬಡವರ ಸೌಲಭ್ಯವಾಗಿ ಪರಿಣಮಿಸಿತು.

ಆ ಜನರಿಗೆ ಬೀರು ವಿಲಾಸವಸ್ತುವಾಗಿರಲಿಲ್ಲ, ದಿನದ ಆಹಾರದ ಒಂದು ಭಾಗವಾಗಿತ್ತು ಎಂಬುದನ್ನು 1844ರ ಮೇ ತಿಂಗಳ ಗಲಭೆಯು ತೋರಿಸಿತು. ಒಂದನೆಯ ಲೂಡ್‌ವಿಗ್ ಅರಸನ ಕಾಲದಲ್ಲಿ ಬೀರಿನ ಬೆಲೆಯು ಏರಿದಾಗ ಜನರು ತಯಾರಕರ ಮನೆಗಳಿಗೆ ನುಗ್ಗಿ ಕಿಟಕಿಬಾಗಿಲುಗಳನ್ನು ಒಡೆದರು. ಸೈನಿಕರೂ ಅವರ ಮೇಲೆ ಕೈಮಾಡಲು ಹಿಂಜರಿದರು. ಅರಸನು ಬೆಲೆಯನ್ನು ಇಳಿಸಿದ ಮೇಲೆಯೇ ಊರು ಶಾಂತವಾಯಿತು. 

1850ರಲ್ಲಿ ಬೇಸಗೆಯ ನಿಷೇಧವು ರದ್ದಾಯಿತು. 1870ರ ದಶಕದಲ್ಲಿ ಮ್ಯೂನಿಕ್ಕಿನ ಪ್ರಾಧ್ಯಾಪಕನಾದ ಕಾರ್ಲ್ ಲಿಂಡೆ ಎಂಬವನು, ಷ್ಪಾಟೆನ್ ಬೀರ್ ಕಾರ್ಖಾನೆಯ ಗಾಬ್ರಿಯೇಲ್ ಸೆಡ್ಲ್‌ಮಾಯರನ ನೆರವಿನಿಂದ, ಶೈತ್ಯಯಂತ್ರವನ್ನು ಪ್ರಯೋಗಿಸಿ ಸಿದ್ಧಪಡಿಸಿದನು. ಇಂದು ಮನೆಮನೆಯಲ್ಲಿರುವ ತಂಪುಪೆಟ್ಟಿಗೆಯ ಪೂರ್ವಜರಲ್ಲಿ ಆ ಯಂತ್ರವೂ ಒಂದು. ಅಲ್ಲಿಂದ ಮುಂದೆ ಮಂಜುಗಡ್ಡೆಯೂ ಬೇಡ, ಆಳದ ಮಾಳಿಗೆಯೂ ಬೇಡ, ಮಾಳಿಗೆಯನ್ನು ಕಾಯುವ ಮರವೂ ಬೇಡ. ತೋಟಗಳು ಹುಟ್ಟಿದ ಕಾರಣವೇ ಇಲ್ಲವಾಯಿತು. ಲಾಭವೊಂದನ್ನೇ ನೋಡುವುದಾಗಿದ್ದರೆ ಮರಗಳನ್ನು ಕಡಿದು ಮನೆಗಳನ್ನು ಕಟ್ಟಬಹುದಾಗಿತ್ತು. ಆದರೆ ಅಷ್ಟು ಹೊತ್ತಿಗೆ ಜನರ ರೂಢಿಯು ಮರದ ಬೇರಿಗಿಂತ ಆಳಕ್ಕೆ ಇಳಿದಿತ್ತು, ತೋಟಗಳು ಉಳಿದುವು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಈ ಚರಿತ್ರೆಯು ಸುಂದರವಾದರೂ ಅರೆಸತ್ಯವಾಗುವುದು. ಜನರು ಸೇರುವಲ್ಲಿಗೆ ಜನರನ್ನು ಕೆರಳಿಸುವವರೂ ಬರುವರು. 1589ರಲ್ಲಿ ಸ್ಥಾಪಿತವಾದ ಹೋಫ್‌ಬ್ರೋಯ್‌ಹೌಸ್ ಎಂಬ ಪ್ರಸಿದ್ಧ ಪಾನಗೃಹದಲ್ಲಿಯೇ 1920ನೆಯ ಇಸವಿ ಫೆಬ್ರವರಿ 24ರಂದು ಹಿಟ್ಲರನು ತನ್ನ ಪಕ್ಷದ ಇಪ್ಪತ್ತೈದು ಅಂಶಗಳ ಕಾರ್ಯಕ್ರಮವನ್ನು ಸಾರಿದನು. ಯೆಹೂದ್ಯರು ಪ್ರಜೆಗಳಾಗಲಾರರೆಂಬುದು ಅವುಗಳಲ್ಲಿ ಒಂದು. ಈಸಾರ್ ನದಿಯ ಪೂರ್ವದಂಡೆಯಲ್ಲಿದ್ದ ಬ್ಯುರ್ಗರ್‌ಬ್ರೋಯ್‌ಕೆಲ್ಲರ್ ಎಂಬುದು ಅಂತಹ ಮಾಳಿಗೆಯ ನೆಲೆಗಳಲ್ಲೊಂದು. 1923ನೆಯ ಇಸವಿ ನವೆಂಬರ್ 8ರ ರಾತ್ರಿ ಅಲ್ಲಿಂದಲೇ ಅವನು ಸರಕಾರವನ್ನು ಕಿತ್ತೊಗೆಯಲು ಹೊರಟನು. ಮರುದಿನದ ಗುಂಡಿನ ಕಾಳಗದಲ್ಲಿ ನಾಲ್ವರು ಪೋಲೀಸರೂ ಸತ್ತರು. ಅದೇ ಹೈಡ್‌ಹೌಸೆನ್ ಬಡಾವಣೆಯಲ್ಲಿ ಬೀರಿನ ದೊಡ್ಡ ಕಾರ್ಖಾನೆಯನ್ನು ಬೆಳೆಸಿದವನು ಯೋಸೆಫ್ ಶ್ಯೂಲೈನ್ ಎಂಬ ಯೆಹೂದ್ಯ ಗೃಹಸ್ಥನು. ಹಿಟ್ಲರನು ಅಧಿಕಾರಕ್ಕೆ ಬಂದ 1933ರ ಬಳಿಕ ಅವನ ಮನೆತನದವರು ತಾವು ಕಟ್ಟಿದ ಉದ್ಯಮವನ್ನು ಬಿಡಬೇಕಾಯಿತು. ನ್ಯಾಯಾಧೀಶನನ್ನೂ ಕೂಲಿಯವನನ್ನೂ ಒಟ್ಟಿಗೆ ಕೂರಿಸಿದ ಬೆಂಚು, ಬೀರನ್ನು ತಯಾರಿಸಿದವನಿಗೇ ಎಡೆಯಿಲ್ಲವೆಂದಿತು.

ಆ ಸಭಾಂಗಣದಲ್ಲಿ ನಡೆದ ಇನ್ನೊಂದು ಘಟನೆಯನ್ನೂ ನೆನೆಯಬೇಕು. ಗೇಯಾರ್ಗ್ ಎಲ್ಸರ್ ಎಂಬ ಬಡ ಬಡಗಿಯು 1939ರಲ್ಲಿ ಅನೇಕ ರಾತ್ರಿಗಳು ಅಲ್ಲಿ ಅಡಗಿದ್ದು, ಭಾಷಣವೇದಿಕೆಯ ಹಿಂದಣ ಕಂಬವನ್ನು ಟೊಳ್ಳುಮಾಡಿ, ಅದರಲ್ಲಿ ಸಿಡಿಮದ್ದನ್ನು ಇಟ್ಟನು. ನವೆಂಬರ್ 8ರ ರಾತ್ರಿ ಅದು ಸಿಡಿಯಿತು. ಆದರೆ ಹಿಟ್ಲರನು 13 ನಿಮಿಷ ಮೊದಲೇ ಹೊರಟುಹೋಗಿದ್ದನು. ಎಂಟು ಮಂದಿ ಸತ್ತರು. ಎಲ್ಸರನು ಸೆರೆಯಾಗಿ, ಯುದ್ಧವು ಮುಗಿಯಲು ಒಂದು ತಿಂಗಳಿದೆಯೆನ್ನುವಾಗ, 1945ರ ಏಪ್ರಿಲ್ 9ರಂದು ಡಾಖೌ ಶಿಬಿರದಲ್ಲಿ ಕೊಲ್ಲಲ್ಪಟ್ಟನು. ಆ ಕಟ್ಟಡವನ್ನು 1979ರಲ್ಲಿ ಕೆಡವಲಾಯಿತು. ವಿರಾಮಸ್ಥಳವು ತಾನಾಗಿ ಪುಣ್ಯಸ್ಥಳವಲ್ಲ. ಅಲ್ಲಿ ಕುಳಿತವರು ಪಕ್ಕದವನಿಗೆ ಎಡೆಕೊಡುವವರೆಗೆ ಮಾತ್ರ ಅದಕ್ಕೆ ಬೆಲೆ.

ಯುದ್ಧದಲ್ಲಿ ನಗರದ ಬಹುಭಾಗವು ಹಾಳಾಯಿತು. 1789ರಲ್ಲಿ ಆರಂಭವಾದ ಇಂಗ್ಲಿಷ್ ಉದ್ಯಾನವೆಂಬ ದೊಡ್ಡ ಸಾರ್ವಜನಿಕ ವನದಲ್ಲಿದ್ದ ಚೀನೀ ಗೋಪುರವು 1944ರಲ್ಲಿ ಸುಟ್ಟುಹೋಯಿತು. 1952ರಲ್ಲಿ ಅದನ್ನು ಹಿಂದಿನಂತೆಯೇ ಮರದಲ್ಲಿ ಕಟ್ಟಿದರು. ಅದರ ಸುತ್ತ ಈಗ ಸುಮಾರು 7,000 ಮಂದಿ ಕೂಡಬಹುದಾದ ಬೀರ್ ತೋಟವಿದೆ.

ಆದರೆ ನೆಮ್ಮದಿಯೂ ತನ್ನದೇ ಆದ ವ್ಯಾಜ್ಯವನ್ನು ತರುವುದು. ನಗರದ ದಕ್ಷಿಣದಂಚಿನ ಒಂದು ತೋಟದ ನೆರೆಹೊರೆಯವರು ಗದ್ದಲವನ್ನು ತಾಳಲಾರದೆ ನ್ಯಾಯಾಲಯಕ್ಕೆ ಹೋದರು. ರಾತ್ರಿ ಒಂಬತ್ತೂವರೆಗೆ ಅದನ್ನು ಮುಚ್ಚಬೇಕೆಂದು ತೀರ್ಪಾಯಿತು. ಬೇಸಗೆಯಲ್ಲಿ ಅಲ್ಲಿ ಆ ಹೊತ್ತಿಗೆ ಇನ್ನೂ ಪೂರ್ತಿ ಕತ್ತಲಾಗಿರುವುದಿಲ್ಲ. 1995ರ ಮೇ 12ರಂದು 20,000ಕ್ಕೂ ಹೆಚ್ಚು ಜನರು ನಗರದ ನಡುವಣ ಮರಿಯೆನ್‌ಪ್ಲಾಟ್ಸ್ ಚೌಕದಲ್ಲಿ ನೆರೆದು ಪ್ರತಿಭಟಿಸಿದರು. ಸರಕಾರವು ಅವಸರದಲ್ಲಿ ಮಾಡಿದ ಮೊದಲ ನಿಯಮವನ್ನು ಮೇಲಿನ ನ್ಯಾಯಾಲಯವು ತಳ್ಳಿಹಾಕಿತು. ನಿದ್ರೆಯೂ ಒಂದು ಹಕ್ಕೆಂಬುದನ್ನು ಮರೆಯುವಂತಿರಲಿಲ್ಲ. 1999ರ ನಿಯಮವು ಮಧ್ಯಮಾರ್ಗವನ್ನು ಹಿಡಿಯಿತು: ಹತ್ತು ಗಂಟೆಗೆ ಸಂಗೀತವು ನಿಲ್ಲಬೇಕು, ಹತ್ತೂವರೆಗೆ ಬಡಿಸುವುದು ನಿಲ್ಲಬೇಕು, ಹನ್ನೊಂದಕ್ಕೆ ತೋಟವು ಮುಚ್ಚಬೇಕು. ಬೀರ್ ತೋಟವೆಂದರೇನು ಎಂಬುದಕ್ಕೆ ಅದು ಎರಡು ಲಕ್ಷಣಗಳನ್ನು ಮುಂದಿಟ್ಟಿತು. ಅದು ತೋಟದಂತಿರಬೇಕು, ಬಂದವನು ತನ್ನ ಬುತ್ತಿಯನ್ನು ಅಲ್ಲಿ ಉಣ್ಣಲು ಅವಕಾಶವಿರಬೇಕು. 1812ರಲ್ಲಿ ಮಾರುವವನ ಮೇಲೆ ಹೇರಿದ ಕಟ್ಟು 1999ರಲ್ಲಿ ಕೊಳ್ಳುವವನ ಹಕ್ಕಾಗಿ ಬರಹಕ್ಕೆ ಬಂದಿತು.

ಇಂದು ಆ ನಗರದ ಹಳೆಯ ಆರು ದೊಡ್ಡ ಕಾರ್ಖಾನೆಗಳಲ್ಲಿ ಕೆಲವು ವಿದೇಶೀ ಬಂಡವಾಳಕ್ಕೆ ಸೇರಿವೆ. ಇತ್ತ ಗೀಸಿಂಗ್ ಬಡಾವಣೆಯ ಒಂದು ಗ್ಯಾರೇಜಿನಲ್ಲಿ 2006ರಲ್ಲಿ ಆರಂಭವಾದ ಸಣ್ಣ ತಯಾರಿಕೆಯೊಂದು ಬೆಳೆದು ದೊಡ್ಡವರ ನಡುವೆ ತನ್ನ ಸ್ಥಳವನ್ನು ಪಡೆದಿದೆ. ಕೈಕಸುಬಿನ ಬೀರಿಗೆ ಜನರು ಮತ್ತೆ ಮನಸೋತಿರುವರು. ತೋಟಗಳಲ್ಲಿ ಬಟ್ಟೆ ಹಾಸಿದ ಮೇಜುಗಳೂ ಉಂಟು, ಹಾಸದ ಮೇಜುಗಳೂ ಉಂಟು. ಬಟ್ಟೆ ಹಾಸಿದಲ್ಲಿ ಊಟವನ್ನು ಕೊಂಡು ಉಣ್ಣಬೇಕು. ಬರಿಯ ಹಲಗೆಯ ಮೇಜಿಗೆ ಬುತ್ತಿಯವರು ಬರಬಹುದು.

ನಗರಗಳು ಬೆಳೆದಂತೆ ಹಣ ಕೊಡದೆ ಕೂಡುವ ನೆರಳು ಎಲ್ಲೆಲ್ಲಿಯೂ ಕಡಮೆಯಾಗುತ್ತ ಬಂದಿದೆ. ಕೆರೆಯ ಏರಿಯನ್ನೂ ಸಾಲುಮರಗಳನ್ನೂ ಒಂದೊಂದಾಗಿ ಕಳೆದುಕೊಂಡ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮ್ಯೂನಿಕ್ಕಿನವರಿಂದ ನಾವು ಬೀರನ್ನು ಕಲಿಯಬೇಕಾದುದಿಲ್ಲ. ಆದರೆ ಬಟ್ಟೆ ಹಾಸದ ಆ ಮೇಜೊಂದನ್ನು ಅವರು ಎರಡು ನೂರು ವರ್ಷಕ್ಕೂ ಮೇಲ್ಪಟ್ಟು ಉಳಿಸಿಕೊಂಡು ಬಂದ ಬಗೆಯು ವಿಚಾರಾರ್ಹವಾದುದು.